ಲೋಣಾವಳಾ, ಪಂಚಗಣಿ, ಆಂಬೋಲಿ: ಕಾರಿನ ಹುಚ್ಚಿದ್ದವರಿಗೆ ಯಾವ ಬೆಟ್ಟ?

ಪುಣೆ, ಮುಂಬೈ, ಗೋವಾದ ಕನ್ನಡಿಗರಲ್ಲಿ ಕಾರಿನ ಹುಚ್ಚಿದ್ದವರು ಬೆಟ್ಟದ ಊರಿಗೆ ಮನೆ ಬದಲಿಸುವ ಮಾತು ತೆಗೆದರೆ ಮೊದಲು ಕೇಳುವುದು ‘ಘಾಟ್ ಹೇಗಿದೆ?’ ಅಂತ. ಕೇಳಬೇಕಾದ್ದು ಬೇರೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರು ಎಲ್ಲಿ ನಿಲ್ಲುತ್ತದೆ? ಘಾಟಿನಲ್ಲಿ ಕಾರು ಇರುವುದು ವಾರಕ್ಕೆ ಕೆಲವೇ ಗಂಟೆ. ಉಳಿದ ಹೊತ್ತೆಲ್ಲ ನಿಂತಲ್ಲೇ ನಿಂತು ತೇವ ಕುಡಿಯುತ್ತದೆ. ತಿರುವು ನೋಡಿ ಊರು ಆರಿಸಿದವರಿಗೆ ಮೊದಲ ಮಳೆಗಾಲವೇ ಲೆಕ್ಕ ಒಪ್ಪಿಸುತ್ತದೆ.

ಹೋಲಿಕೆಗೆ ಮೂರೂ ಕಡೆ ಓಡಿಸಿ, ನಿಲ್ಲಿಸಿ ನೋಡಿದ್ದು ನಾಲ್ಕು ಬಗೆ: ಟರ್ಬೊ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಸಾಧನ) ಇಲ್ಲದ 1.2 ಲೀಟರ್ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಟರ್ಬೊ ಡೀಸೆಲ್ ಜೀಪು, ಕಾರ್ಬ್ಯುರೇಟರಿನ ಹಳೆ ಪ್ರೀಮಿಯರ್ ಪದ್ಮಿನಿ, ಒಂದು ಎಲೆಕ್ಟ್ರಿಕ್. ಮಾಥೇರಾನ್ ಲೆಕ್ಕದಲ್ಲೇ ಇಲ್ಲ. ಅಲ್ಲಿ ದಸ್ತೂರಿ ನಾಕಾದಲ್ಲಿ ಕಾರು ಬಿಟ್ಟೇ ಮುಂದೆ ಹೋಗಬೇಕು. ಮನೆಯಲ್ಲಿ ಯಾರಿಗಾದರೂ ಕಾರಿನ ಹುಚ್ಚು ಬಿಡಿಸಬೇಕಿದ್ದರೆ ಒಳ್ಳೆ ಊರು.

ಎತ್ತರದ ಲೆಕ್ಕದಲ್ಲಿ ಒಂದು ತಮಾಷೆ ಇದೆ. ಲೋಣಾವಳಾ ಸುಮಾರು 620 ಮೀಟರ್, ಆಂಬೋಲಿ 690, ಪಂಚಗಣಿ 1,290ರ ಆಸುಪಾಸು. ಆದರೆ ಖೋಪೋಲಿಯಿಂದ ಲೋಣಾವಳಾ, ವಾಯಿಯಿಂದ ಪಂಚಗಣಿ, ಸಾವಂತವಾಡಿ ಕಡೆಯಿಂದ ಆಂಬೋಲಿ ಹತ್ತಿದರೆ ಮೂರೂ ಕಡೆ ಏರು ಹೆಚ್ಚೂಕಡಿಮೆ ಒಂದೇ, 550ರಿಂದ 600 ಮೀಟರ್. ಎಂಜಿನ್ನಿಗೆ ಕೆಲಸ ಅಷ್ಟೇ, ಬ್ರೇಕಿಗೂ ಅಷ್ಟೇ. ಬದಲಾಗುವುದು ರಸ್ತೆ ಮತ್ತು ರಸ್ತೆಯ ಮೇಲಿರುವ ಜನ.

ಲೋಣಾವಳಾದ ಘಾಟ್ ಅಗಲವಾಗಿದೆ. 2002ರಲ್ಲಿ ಪೂರ್ತಿಯಾದ ಎಕ್ಸ್‌ಪ್ರೆಸ್‌ವೇಯಲ್ಲಿ ತಿರುವಿನ ಸುಖವೇನೂ ಇಲ್ಲ. ಕ್ಯಾಮೆರಾ ಕಣ್ಣು ಮಾತ್ರ ಸದಾ ತೆರೆದಿರುತ್ತದೆ. ಶನಿವಾರ ಬೆಳಿಗ್ಗೆ ಮುಂಬೈ ಕಡೆಯಿಂದ ಹತ್ತುವಾಗ ಲಾರಿಗಳ ಹಿಂದೆ ಆಮೆ ನಡಿಗೆ. ಇಲ್ಲಿ ನಿಜವಾದ ಪರೀಕ್ಷೆ ಗೇರ್‌ಬಾಕ್ಸಿನದು. ಎಎಂಟಿ (ಕ್ಲಚ್, ಗೇರನ್ನು ಯಂತ್ರವೇ ಹಾಕುವ ಮ್ಯಾನ್ಯುಯಲ್) ಮತ್ತು ಒಣ ಕ್ಲಚ್ಚಿನ ಡಿಸಿಟಿ (ಎರಡು ಕ್ಲಚ್ಚಿನ ಆಟೊಮ್ಯಾಟಿಕ್) ಏರಿನಲ್ಲಿ ಇಂಚಿಂಚು ತೆವಳುವಾಗ ಕ್ಲಚ್ ಅರ್ಧ ಹಿಡಿದು ಅರ್ಧ ಜಾರುತ್ತಲೇ ಇರುತ್ತದೆ. ಹತ್ತು ನಿಮಿಷಕ್ಕೆ ಸುಟ್ಟ ವಾಸನೆ, ಆಮೇಲೆ ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆ. ಮುಂದಿನ ಗಾಡಿಗೆ ಅಂಟಿಕೊಳ್ಳದೆ ಎಂಟು ಹತ್ತು ಮೀಟರ್ ಜಾಗ ಬಿಟ್ಟು, ಒಮ್ಮೆಲೇ ಮುಂದೆ ಹೋಗಿ ಪೂರ್ತಿ ನಿಲ್ಲಿಸುವುದು ಸರಿಯಾದ ಕ್ರಮ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ಕಾರನ್ನು ತಡೆದು ನಿಲ್ಲಿಸುವ ಚಟ ಇದ್ದವರು ಟಾರ್ಕ್ ಕನ್ವರ್ಟರ್ ಇರುವ ಆಟೊಮ್ಯಾಟಿಕ್ ತೆಗೆದುಕೊಳ್ಳಲಿ. ಅಲ್ಲಿ ಜಾರುವುದು ಎಣ್ಣೆ, ಕ್ಲಚ್ ಅಲ್ಲ.

ಪಂಚಗಣಿಗೆ ಹತ್ತುವ ಪಸರಣಿ ಘಾಟ್ ಬೇರೆಯೇ ಸ್ವಭಾವದ್ದು. ವಾಯಿ ದಾಟಿದ ಮೇಲೆ ಎರಡು ಲೇನಿನ ಸುಮಾರು 12 ಕಿಲೋಮೀಟರ್, ಹೇರ್‌ಪಿನ್ ತಿರುವುಗಳು, ಎಸ್‌ಟಿ ಬಸ್ಸು ತಿರುಗುವಾಗ ಇಡೀ ರಸ್ತೆ ಅದರದ್ದೇ. ಓಡಿಸುವ ಖುಷಿಗೆ ಮೂರರಲ್ಲಿ ಇದೇ ಮೊದಲು. ವಾರದ ದಿನ ಬೆಳಿಗ್ಗೆ ಏಳರ ಒಳಗೆ ಮಾತ್ರ. ಬೆಟ್ಟದ ಇಕ್ಕಟ್ಟು ರಸ್ತೆಯಲ್ಲಿ ಏರುವ ವಾಹನಕ್ಕೇ ಮೊದಲ ದಾರಿ ಎನ್ನುವ ನಿಯಮ ಪ್ರವಾಸಿಗಳಿಗೆ ಗೊತ್ತಿರುವುದಿಲ್ಲ, ಆದ್ದರಿಂದ ಇಳಿದು ಬರುವವರು ನಿಲ್ಲುತ್ತಾರೆ ಎಂದು ನಂಬಬೇಡಿ. ಆಚೆ ಮಹಾಬಳೇಶ್ವರದಿಂದ ಪೋಲಾದಪುರಕ್ಕೆ ಇಳಿಯುವ ಆಂಬೇನಳಿ ಘಾಟ್ ಇನ್ನೂ ಚೆಂದ. ಆದರೆ ಮಳೆಗಾಲದಲ್ಲಿ ಅದನ್ನು ದಿನದ ದಾರಿ ಎಂದು ಲೆಕ್ಕ ಹಾಕಬಾರದು. 2021ರ ಜುಲೈನ ಮಳೆಗೆ ಆ ರಸ್ತೆಯೇ ಅಲ್ಲಲ್ಲಿ ಕುಸಿದಿತ್ತು.

ಆಂಬೋಲಿಯದು ಮಂಜಿನ ಘಾಟ್. ಜುಲೈನಲ್ಲಿ ಮಧ್ಯಾಹ್ನವೂ ಮುಂದಿನ ಗಾಡಿಯ ಕೆಂಪು ದೀಪ ಕಾಣದಷ್ಟು ದಟ್ಟ. ಹೈ ಬೀಮ್ ಹಾಕಿದರೆ ಬೆಳಕೆಲ್ಲ ಕಣ್ಣಿಗೇ ವಾಪಸ್ ಬರುತ್ತದೆ. ಲೋ ಬೀಮ್, ಬಂಪರಿನ ಕೆಳಗೆ ಹಳದಿ ಫಾಗ್ ಲ್ಯಾಂಪ್, ಗಾಜಿನ ಒಳಗಿನ ಆವಿ ತೆಗೆಯಲು ಎಸಿ ಚಾಲೂ, ಇಷ್ಟು ಸಾಕು. ಹಜಾರ್ಡ್ ಲೈಟ್ ಹಾಕಿಕೊಂಡು ಓಡಿಸುವವರಿಂದ ದೂರ ಇರಿ, ಅವರು ಯಾವ ಕಡೆ ತಿರುಗುತ್ತಾರೆಂದು ಅವರಿಗೂ ತೋರಿಸಲಾಗದು.

ಇಳಿಜಾರಿನ ಬಗ್ಗೆ ಒಂದು ಲೆಕ್ಕ. 1,500 ಕಿಲೋ ತೂಗುವ ಕಾರು 570 ಮೀಟರ್ ಇಳಿದರೆ ಬಿಡುಗಡೆಯಾಗುವ ಶಕ್ತಿ 2.3 ಯೂನಿಟ್‌ನಷ್ಟು. ಬಚ್ಚಲಿನ ಎರಡು ಕಿಲೋವಾಟ್ ಗೀಸರನ್ನು ಒಂದು ಗಂಟೆಗೂ ಮೇಲೆ ಉರಿಸಿದ ಶಾಖ ಅದು. ಗಾಳಿಯ ತಡೆ, ಟೈರಿನ ಉಜ್ಜುವಿಕೆ ಸ್ವಲ್ಪ ತಿನ್ನುತ್ತವೆ. ಎಂಜಿನ್ ಬ್ರೇಕಿಂಗ್ (ಕೆಳಗಿನ ಗೇರಿನಲ್ಲಿ ಎಂಜಿನ್ನೇ ಕಾರನ್ನು ತಡೆಯುವುದು) ಬಿಟ್ಟರೆ ಉಳಿದದ್ದೆಲ್ಲ ನಾಲ್ಕು ಚಕ್ರದ ಬ್ರೇಕಿಗೆ ಹೋಗುತ್ತದೆ. ಹತ್ತಿದ ಗೇರಿನಲ್ಲೇ ಇಳಿಯಬೇಕು ಎಂಬ ಹಳೇ ಡ್ರೈವರುಗಳ ಮಾತು ಇದಕ್ಕೇ. ಎಎಂಟಿ ಇದ್ದರೆ ಮ್ಯಾನ್ಯುಯಲ್‌ಗೆ ಹಾಕಿ ಎರಡು ಅಥವಾ ಮೂರನೇ ಗೇರು, ಸಿವಿಟಿ (ಗೇರಿನ ಬದಲು ಬೆಲ್ಟ್ ಇರುವ ಆಟೊಮ್ಯಾಟಿಕ್) ಇದ್ದರೆ ಎಲ್ ಅಥವಾ ಎಸ್. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ: ಡಾಟ್ 4 ಹೊಸದಿದ್ದಾಗ ಕುದಿಯುವುದು ಕನಿಷ್ಠ 230 ಡಿಗ್ರಿಗೆ, ತೇವ ಹೀರಿದ ಮೇಲೆ 155ಕ್ಕೇ. ಡಾಟ್ 3 ಆದರೆ 205 ಮತ್ತು 140. ಕುದಿದು ಗುಳ್ಳೆ ಎದ್ದರೆ ಪೆಡಲ್ ಸ್ಪಂಜಿನಂತೆ ಒಳಗೆ ಹೋಗುತ್ತದೆ. ಕೆಳಗಿನ ಊರುಗಳಲ್ಲಿ ಎರಡು ವರ್ಷಕ್ಕೊಮ್ಮೆ ಬದಲಿಸುವ ಆಯಿಲನ್ನು ಈ ಮೂರೂ ಊರಲ್ಲಿ ಪ್ರತಿ ಮೇ ತಿಂಗಳು ಬದಲಿಸಿ.

ಎತ್ತರ ಎಂಜಿನ್ನಿಗೆ ತಟ್ಟುವುದು ಪಂಚಗಣಿಯಲ್ಲಿ ಮಾತ್ರ. ಮುಂಬೈಗೆ ಹೋಲಿಸಿದರೆ ಅಲ್ಲಿ ಗಾಳಿಯ ಸಾಂದ್ರತೆ ಸುಮಾರು 12 ಶೇಕಡಾ ಕಡಿಮೆ, ಟರ್ಬೊ ಇಲ್ಲದ ಹ್ಯಾಚ್‌ಬ್ಯಾಕ್ ಅಷ್ಟೇ ಬಲ ಕಳೆದುಕೊಳ್ಳುತ್ತದೆ. ನಾಲ್ಕು ಜನ ಕೂತು ಎಸಿ ಹಾಕಿದರೆ ಪಸರಣಿಯ ಕೊನೆಯ ತಿರುವುಗಳಲ್ಲಿ ಎರಡನೇ ಗೇರೇ ಗತಿ. ಟರ್ಬೊ ಜೀಪಿಗೆ ಇದರ ಪರಿವೆ ಇಲ್ಲ. ಪದ್ಮಿನಿಗೆ ಮಾತ್ರ ಕೈ ಹಾಕಬೇಕು. ಗಾಳಿ ತೆಳುವಾದರೂ ಕಾರ್ಬ್ಯುರೇಟರ್ ಪೆಟ್ರೋಲನ್ನು ಅದಕ್ಕೆ ತಕ್ಕಷ್ಟು ಇಳಿಸುವುದಿಲ್ಲ. ಪ್ಲಗ್ ಕಪ್ಪಾಗುತ್ತದೆ, ಐಡ್ಲಿಂಗ್ ಏರಿಳಿಯುತ್ತದೆ, ಸೈಲೆನ್ಸರಿನಿಂದ ಹಸಿ ಪೆಟ್ರೋಲ್ ವಾಸನೆ. ಮೇನ್ ಜೆಟ್ (ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಬಿಡುವ ತೂತಿನ ತುಂಡು) ಒಂದು ಅಳತೆ ಚಿಕ್ಕದು ಹಾಕಿದರೆ, ಉದಾಹರಣೆಗೆ 120 ಇದ್ದಲ್ಲಿ 115, ಸಮಸ್ಯೆ ಬಹುಪಾಲು ಮುಗಿಯಿತು. ಆ ಜೆಟ್ಟಿನಲ್ಲೇ ಮುಂಬೈಗೆ ಇಳಿದು ಹೆದ್ದಾರಿಯಲ್ಲಿ ಒಂದೇ ಸಮ ಎಳೆಯಬೇಡಿ, ಅಲ್ಲಿ ಮಿಶ್ರಣ ತೆಳುವಾಗಿ ಎಂಜಿನ್ ಬಿಸಿಯೇರುತ್ತದೆ. ಹಳೇ ಜೆಟ್ ಡಿಕ್ಕಿಯಲ್ಲಿ ಇರಲಿ.

ಇನ್ನು ಮಳೆ. ಉಳಿದದ್ದೆಲ್ಲ ಇದರ ಮುಂದೆ ಚಿಲ್ಲರೆ. ಆಂಬೋಲಿಗೆ ವರ್ಷಕ್ಕೆ 7,000 ಮಿಲಿಮೀಟರಿನ ಸುತ್ತಮುತ್ತ, ಲೋಣಾವಳಾಕ್ಕೆ 4,000ದ ಮೇಲೆ, ಮಹಾಬಳೇಶ್ವರಕ್ಕೆ 5,500ಕ್ಕೂ ಹೆಚ್ಚು. ಪಂಚಗಣಿ ಮಹಾಬಳೇಶ್ವರದಿಂದ ಸುಮಾರು 18 ಕಿಲೋಮೀಟರ್ ಪೂರ್ವಕ್ಕಿದೆ, ಅಷ್ಟೇ. ಮೋಡ ಅಲ್ಲೇ ಬರಿದಾಗಿ ಬರುವುದರಿಂದ ಇಲ್ಲಿಗೆ ಬೀಳುವುದು ಅರ್ಧಕ್ಕಿಂತ ಎಷ್ಟೋ ಕಡಿಮೆ. ಹೆಸರಿನ ಆಸೆಗೆ ಮಹಾಬಳೇಶ್ವರದಲ್ಲಿ ಮನೆ ಹಿಡಿದವರ ಕಾರಿನ ಸೀಟಿಗೆ ಆಷಾಢದಲ್ಲಿ ಹಸಿರು ಬೂಷ್ಟು ಹತ್ತಿರುವಾಗ ಪಂಚಗಣಿಯ ಶೆಡ್ಡಿನಲ್ಲಿ ಸೀಟು ಒಣಗಿರುತ್ತದೆ. ನಮ್ಮ ಆಯ್ಕೆ ನಿಂತಿರುವುದೇ ಈ 18 ಕಿಲೋಮೀಟರಿನ ಮೇಲೆ.

ಮೂರೂ ಕಡೆ ಮೂರು ಬಗೆಯಲ್ಲಿ ನಿಲ್ಲಿಸಿ ನೋಡಿದಾಗ ಗೊತ್ತಾದದ್ದು: ಎಲ್ಲ ಕಡೆ ಮುಚ್ಚಿದ ಗ್ಯಾರೇಜಿಗಿಂತ ಮೇಲೆ ಶೀಟು, ಮೂರು ಬದಿ ತೆರೆದ ಶೆಡ್ ಮೇಲು. ಒದ್ದೆ ಕಾರು ಒಳಗೆ ತಂದು ಶಟರ್ ಎಳೆದರೆ ಅದು ಇಡ್ಲಿ ಪಾತ್ರೆ. ಮುಚ್ಚಿದ್ದೇ ಬೇಕೆಂದರೆ ದಿನಕ್ಕೆ 10–12 ಲೀಟರ್ ಹಿಂಡುವ ಡಿಹ್ಯುಮಿಡಿಫೈಯರ್ ಇಟ್ಟು ಅದರ ಪೈಪನ್ನು ಹೊರಗೆ ಬಿಡಿ. ತೊಟ್ಟಿ ತುಂಬಿದರೆ ಯಂತ್ರ ತಾನೇ ನಿಲ್ಲುತ್ತದೆ, ನೀವು ಪುಣೆಯಲ್ಲಿರುತ್ತೀರಿ. ನೆಲಕ್ಕೆ ಕಾಂಕ್ರೀಟ್ ಹಾಕುವ ಮುನ್ನ ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸದಿದ್ದರೆ ನೆಲವೇ ಬೆವರುತ್ತದೆ. ಶೆಡ್ಡಿನೊಳಗೆ ಕವರ್ ಹೊದಿಸಬೇಡಿ. ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಟ್ಟಿಗೆಯ ತುಂಡು ಕೊಡಿ. ಹತ್ತು ದಿನ ಎಳೆದಿಟ್ಟರೆ ಹಿಂದಿನ ಡ್ರಮ್ಮಿಗೆ ಬ್ರೇಕ್ ಶೂ ತುಕ್ಕಿನಿಂದ ಅಂಟಿಕೊಳ್ಳುತ್ತದೆ.

ತುಕ್ಕು ಹೆಚ್ಚಾಗಿ ಹಿಡಿಯುವುದು ಒಳಗಿನಿಂದ. ಬಾಗಿಲಿನ ಕೆಳ ಅಂಚಿನಲ್ಲಿ, ಸಿಲ್‌ನ (ಬಾಗಿಲಿನ ಕೆಳಗಿನ ಹೊಸ್ತಿಲಿನ) ಕೆಳಗೆ ನೀರು ಹರಿದುಹೋಗಲು ಸಣ್ಣ ತೂತುಗಳಿವೆ. ಪಂಚಗಣಿ, ಆಂಬೋಲಿಯ ಕೆಂಪು ಜಂಬಿಟ್ಟಿಗೆ ಮಣ್ಣು ಅವನ್ನು ಗಾರೆಯ ಹಾಗೆ ಮುಚ್ಚುತ್ತದೆ. ತಿಂಗಳಿಗೊಮ್ಮೆ ಪ್ಲಾಸ್ಟಿಕ್ ಕೇಬಲ್ ಟೈ ತೂರಿಸಿ ಬಿಡಿಸಿ; ತಂತಿ ಬೇಡ, ಒಳಗಿನ ಬಣ್ಣ ಕೆರೆಯುತ್ತದೆ. ವೈಪರಿನ ಕೆಳಗಿನ ಜಾಲರಿಯಲ್ಲಿ ಎಲೆ ತುಂಬಿದರೆ ನೀರು ಒಳಗಿಳಿದು ಕಾಲಡಿಯ ಚಾಪೆ ಒದ್ದೆಯಾಗುತ್ತದೆ, ಕೆಲವು ಕಾರುಗಳಲ್ಲಿ ಫ್ಯೂಸ್ ಪೆಟ್ಟಿಗೆಯೂ. ಅಂಡರ್‌ಬಾಡಿ ಕೋಟಿಂಗ್ ಮಾಡಿಸುವುದಾದರೆ ಏಪ್ರಿಲ್‌ನಲ್ಲಿ, ಲೋಹ ಪೂರ್ತಿ ಒಣಗಿದಾಗ. ಜೂನ್‌ನಲ್ಲಿ ಹೊಡೆಸಿದರೆ ತೇವವನ್ನು ಒಳಗಿಟ್ಟು ಮೊಹರು ಹಾಕಿದಂತೆ. ಟೈರಿನ ಗೆರೆಗಳ ಆಳ 1.6 ಮಿಲಿಮೀಟರಿಗೆ ಇಳಿಯುವ ತನಕ ಕಾನೂನು ಒಪ್ಪುತ್ತದೆ. ಮಳೆಯ ಘಾಟಿಗೆ 3ರ ಕೆಳಗೆ ಬೇಡ.

ಹಳೆಯ ಗಾಡಿಯವರಿಗೆ ಇನ್ನೊಂದು ತಲೆನೋವು ಇ20, ಅಂದರೆ 20 ಶೇಕಡಾ ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲ್ ತೇವ ಎಳೆಯುತ್ತದೆ, ಅರ್ಧ ಖಾಲಿ ಕಬ್ಬಿಣದ ಟ್ಯಾಂಕಿನಲ್ಲಿ ಮಳೆಗಾಲದ ಗಾಳಿ ಸೇರಿದರೆ ನೀರು ತಳಕ್ಕೆ ಇಳಿಯುತ್ತದೆ. ನಿಲ್ಲಿಸುವ ಮುನ್ನ ಟ್ಯಾಂಕ್ ತುಂಬಿಸಿ, ಹಳೆ ರಬ್ಬರ್ ಪೈಪ್ ತೆಗೆದು ಎಥನಾಲ್ ತಡೆಯುವ ಪೈಪ್ ಹಾಕಿಸಿ.

ಎಲೆಕ್ಟ್ರಿಕ್ ಈ ಊರುಗಳಿಗೆ ಎಣಿಸಿದ್ದಕ್ಕಿಂತ ಚೆನ್ನಾಗಿ ಹೊಂದುತ್ತದೆ. 1,700 ಕಿಲೋದ ಗಾಡಿಗೆ ಈ ಏರಿಗೇ ಹೆಚ್ಚುವರಿ ಸುಮಾರು ಮೂರು ಯೂನಿಟ್, ಇಳಿಯುವಾಗ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ವಾಪಸ್. ಆದರೆ ಬೆಟ್ಟದ ಮೇಲೆ ಮನೆ ಇದ್ದವರು ರಾತ್ರಿ 100 ಶೇಕಡಾ ಚಾರ್ಜ್ ಮಾಡಬಾರದು. ತುಂಬಿದ ಬ್ಯಾಟರಿಗೆ ವಾಪಸ್ ಹಾಕಲು ಜಾಗವಿರುವುದಿಲ್ಲ, ಬೆಳಿಗ್ಗೆ ಇಳಿಯುವಾಗ ರೀಜನ್ (ಮೋಟಾರೇ ಕಾರನ್ನು ತಡೆದು ಬ್ಯಾಟರಿ ತುಂಬಿಸುವುದು) ಕೈಕೊಟ್ಟು ಎಲ್ಲ ಭಾರ ಬ್ರೇಕಿನ ಮೇಲೆ. 85ಕ್ಕೆ ನಿಲ್ಲಿಸಿ. ಇನ್ನೊಂದು, ಅರ್ತಿಂಗ್: ಜಂಬಿಟ್ಟಿಗೆ ಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿದರೆ ಚಾರ್ಜರ್ ಕೆಂಪು ದೀಪ ತೋರಿಸಿ ಸುಮ್ಮನಾಗುತ್ತದೆ. ಚಾರ್ಜರನ್ನು ಬೈಯುವ ಮುನ್ನ ಅರ್ತ್ ಗುಂಡಿಗೆ ಎರಡು ಕೊಡ ನೀರು ಸುರಿದು ನೋಡಿ.

ರಿಪೇರಿಯ ವಿಷಯದಲ್ಲಿ ಲೋಣಾವಳಾ ಸುಲಭವಾಗಿ ಗೆಲ್ಲುತ್ತದೆ. ಪಿಂಪ್ರಿ-ಚಿಂಚವಡ ಒಂದು ತಾಸು, ಪುಣೆಯ ನಾನಾ ಪೇಟೆಯ ಬಿಡಿಭಾಗದ ಅಂಗಡಿಗಳು ಅದರಾಚೆ, ಮುಂಬೈ ಕಡೆಗೆ ಇಳಿದರೆ ಕುರ್ಲಾದ ಸಿಎಸ್‌ಟಿ ರಸ್ತೆ. ಪದ್ಮಿನಿ ಹುಟ್ಟಿದ್ದೇ ಕುರ್ಲಾದಲ್ಲಿ, ಅದರ ಸಾಮಾನು ಇಂದಿಗೂ ಆ ಗಲ್ಲಿಗಳಲ್ಲಿ ಹುಡುಕಿದರೆ ಸಿಗುತ್ತದೆ. ಪಂಚಗಣಿಯಲ್ಲಿ ಪಂಕ್ಚರ್, ಬ್ಯಾಟರಿ, ಆಯಿಲ್ ತನಕ ಸರಿ, ಮೇಲಿನದಕ್ಕೆ ಸಾತಾರಾ ಅಥವಾ ಪುಣೆ. ಆಂಬೋಲಿಯಲ್ಲಿ ಏನೂ ಇಲ್ಲ ಅನ್ನಿಸುತ್ತದೆ, ಆದರೆ ಒಂದೂವರೆ ತಾಸು ದೂರದಲ್ಲಿ ಬೆಳಗಾವಿಯ ಉದ್ಯಮಬಾಗ ಇದೆ. ಸಿಲಿಂಡರ್ ಬೋರಿಂಗ್, ಕ್ರ್ಯಾಂಕ್ ಗ್ರೈಂಡಿಂಗ್, ಸಿಗದ ಬುಶ್ ಒಂದನ್ನು ಲೇತಿನಲ್ಲಿ ತಿರುಗಿಸಿ ಕೊಡುವುದು, ಎಲ್ಲ ಕನ್ನಡದಲ್ಲೇ ಮಾತಾಡಿ ಮುಗಿಸಬಹುದು. ಹಳೆ ಜೀಪು ಬಿಚ್ಚಿ ಕಟ್ಟುವವರಿಗೆ, ಅದರಲ್ಲೂ ಗೋವಾದಲ್ಲಿ ಕೆಲಸವಿದ್ದು ವಾರಾಂತ್ಯಕ್ಕೆ ಮೇಲೆ ಬರುವವರಿಗೆ, ಇದು ಚಿಕ್ಕ ಮಾತಲ್ಲ. ದಿನಾ ಪುಣೆಗೆ ಹೋಗಿಬರಬೇಕಾದವರಿಗೆ ಲೋಣಾವಳಾ ಬಿಟ್ಟರೆ ಬೇರೆ ದಾರಿಯಿಲ್ಲ. ಪುಣೆಗೆ ವಾರಕ್ಕೆ ಎರಡು ಸಲ ಹೋದರೆ ಸಾಕು ಎನ್ನುವವರು, ಒಂದೆರಡು ಪ್ರೀತಿಯ ಗಾಡಿ ಇಟ್ಟುಕೊಂಡವರು ಪಂಚಗಣಿಯನ್ನೇ ಹಿಡಿಯಲಿ. ಸುಮಾರು 100 ಕಿಲೋಮೀಟರ್, ಊರ ಕಡೆ ಹೊರಟರೆ ಸಾತಾರಾ, ಕೊಲ್ಹಾಪುರದ ಮೇಲೆ ನೇರ ಬೆಳಗಾವಿ.

ಕಾಗದಪತ್ರ ಬೇಗ ಹೇಳಿ ಮುಗಿಸಬಹುದು. ಮಹಾರಾಷ್ಟ್ರದೊಳಗೇ ಮನೆ ಬದಲಿಸಿದರೆ ನಂಬರ್ ಬದಲಿಸಬೇಕಿಲ್ಲ, 30 ದಿನದೊಳಗೆ ಆರ್‌ಸಿಯಲ್ಲಿ ವಿಳಾಸ ತಿದ್ದಿಸಬೇಕು. ಊರಿನಿಂದ ತಂದ ಕೆಎ ಗಾಡಿ 12 ತಿಂಗಳು ಮೀರಿ ಇಲ್ಲೇ ಇದ್ದರೆ ಎನ್‌ಒಸಿ ತಂದು ಮರು ನೋಂದಣಿ. ಕರ್ನಾಟಕದಲ್ಲಿ ಕಟ್ಟಿದ ಉಳಿದ ಅವಧಿಯ ತೆರಿಗೆ ವಾಪಸ್ ಕೇಳಲು ಮರೆಯಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಬೆಟ್ಟದ ಮೇಲೂ ಅಷ್ಟೇ ಅನ್ವಯಿಸುತ್ತದೆ, ಆದ್ದರಿಂದ ಎಂಜಿನ್ ಬದಲಿಸುವ ಆಸೆ ಇದ್ದರೆ ಮೊದಲು ಆರ್‌ಟಿಒ ಅನುಮತಿ. ವಿಮೆಯಲ್ಲಿ ಎಂಜಿನ್ ಪ್ರೊಟೆಕ್ಟ್ ಸೇರಿಸಿ, ನೀರು ಹೀರಿ ಕೆಟ್ಟ ಎಂಜಿನ್ನಿಗೆ ಸಾದಾ ಪಾಲಿಸಿ ಸಾಮಾನ್ಯವಾಗಿ ಕಾಸು ಕೊಡುವುದಿಲ್ಲ.

ಮನೆ ನೋಡಲು ಮೇ ತಿಂಗಳಲ್ಲಿ ಹೋಗಬೇಡಿ, ಆಗ ಎಲ್ಲ ಮನೆಯೂ ಒಣಗಿರುತ್ತದೆ. ಜುಲೈನ ಮಳೆಯಲ್ಲೇ ಹೋಗಿ ಗೇಟಿನ ಮುಂದಿನ ಇಳಿಜಾರು ಅಳೆಯಿರಿ. ಆರು ಅಡಿ ಉದ್ದಕ್ಕೆ ಒಂದು ಅಡಿಗಿಂತ ಹೆಚ್ಚು ಏರಿದ್ದರೆ ತಗ್ಗು ಕಾರಿನ ಬಂಪರ್ ಉಜ್ಜುತ್ತದೆ, ಪಾಚಿ ಹಿಡಿದ ಕಲ್ಲಿನ ಮೇಲೆ ಮುಂದಿನ ಚಕ್ರ ಸುಮ್ಮನೆ ತಿರುಗುತ್ತದೆ. ಪಂಚಗಣಿ 2001ರಿಂದ ಪರಿಸರ ಸೂಕ್ಷ್ಮ ವಲಯ. ಹೊಸ ಶೆಡ್ ಆಮೇಲೆ ಕಟ್ಟಿಸಿದರಾಯಿತು ಎಂದು ಮನೆಯ ಮಾಲೀಕರು ಹೇಳಿದರೆ, ಶೆಡ್ ಈಗಾಗಲೇ ಇರುವ ಪಕ್ಕದ ಮನೆ ಕೇಳಿ.