ರಿನ್ಯೂವಲ್ ಹೊತ್ತಿನಲ್ಲಿ ‘ಕ್ಲೈಂಟ್ ಒಪ್ಪಲಿಲ್ಲ’ ಅಂದರೆ ಹಾಗೇ ನಂಬಿಬಿಡಬೇಡಿ

ಏಜೆನ್ಸಿ ಮೂಲಕ ಕಾಂಟ್ರಾಕ್ಟ್ ಕೆಲಸ ಮಾಡುತ್ತಿರುವವರು, ಅದರಲ್ಲೂ ಒಂದೆರಡು ತಿಂಗಳಲ್ಲಿ ಕಾಂಟ್ರಾಕ್ಟ್ ರಿನ್ಯೂ ಆಗಬೇಕಿರುವವರು, ದಯವಿಟ್ಟು ಇದನ್ನು ಪೂರ್ತಿ ಓದಿ. ನನ್ನ ರೇಟ್ ಹೆಚ್ಚಿಸಲು ಕ್ಲೈಂಟ್ ಕಂಪನಿ ಒಪ್ಪಿತ್ತು. ಏಜೆನ್ಸಿಯವರು ನನಗೆ ‘ಅವರು ಒಪ್ಪಲಿಲ್ಲ’ ಎಂದು ಹೇಳಿ, ಹೆಚ್ಚುವರಿ ಹಣದಲ್ಲಿ ಬಹುಪಾಲನ್ನು ತಾವೇ ಇಟ್ಟುಕೊಂಡರು. ವಿಷಯ ತಿಳಿಯುವ ಹೊತ್ತಿಗೆ ಸಹಿ ಬಿದ್ದಾಗಿತ್ತು.

ಕಾಂಟ್ರಾಕ್ಟ್ ಮುಗಿಯಲು ಸಾಕಷ್ಟು ಸಮಯ ಇರುವಾಗಲೇ ನಾನು ರೇಟ್ ಮಾತು ಎತ್ತಿದ್ದೆ. ಸೇರಿದಾಗ ಇಲ್ಲದ ಕೆಲಸಗಳು ಹೆಗಲೇರಿದ್ದವು: ಹೊಸಬರಿಗೆ ಕೆಲಸ ಕಲಿಸುವುದು, ರಾತ್ರಿ ಏನಾದರೂ ಕೆಟ್ಟರೆ ಫೋನ್ ಎತ್ತುವುದು. ಶೇ. 10ರಷ್ಟು ಹೆಚ್ಚಿಸಿ ಎಂದು ಮೇಲ್ ಹಾಕಿದೆ. ಏಜೆನ್ಸಿಯ ಅಕೌಂಟ್ ಮ್ಯಾನೇಜರ್ ಮೇಲ್‌ಗೆ ಉತ್ತರ ಬರೆಯಲಿಲ್ಲ, ಫೋನ್ ಮಾಡಿದರು. ‘ನಾನು ಮಾತಾಡ್ತೀನಿ. ನೀವು ಮಾತ್ರ ಕ್ಲೈಂಟ್ ಹತ್ತಿರ ದುಡ್ಡಿನ ವಿಷಯ ತೆಗೀಬೇಡಿ, ಅವರಿಗೆ ಇಷ್ಟ ಆಗಲ್ಲ’ ಅಂದರು. ಆಮೇಲೆ ಸದ್ದೇ ಇಲ್ಲ. ಕೇಳಿದಾಗಲೆಲ್ಲ ‘ಫೈನಾನ್ಸ್‌ನಲ್ಲಿದೆ’ ಎಂಬ ಒಂದೇ ಉತ್ತರ. ಕಾಂಟ್ರಾಕ್ಟ್ ಮುಗಿಯುವ ದಿನವೇ ಮಧ್ಯಾಹ್ನದ ಮೇಲೆ ಫೋನ್ ಬಂತು. ‘ಕ್ಲೈಂಟ್ ಬಜೆಟ್ ಇಲ್ಲ ಅಂದುಬಿಟ್ಟರು. ನಿಮಗೋಸ್ಕರ ನಮ್ಮ ಮಾರ್ಜಿನ್‌ನಲ್ಲೇ ಕಡಿತ ಮಾಡಿಕೊಂಡು ಶೇ. 2 ಕೊಡ್ತಿದ್ದೀವಿ. ಸಂಜೆಯೊಳಗೆ ಸಹಿ ಮಾಡದಿದ್ರೆ ನಾಳೆ ನಿಮ್ಮ ಲಾಗಿನ್ ಬಂದ್ ಆಗುತ್ತೆ.’

ಅವರು ಕಳಿಸಿದ ಎಕ್ಸ್‌ಟೆನ್ಶನ್ ಲೆಟರ್ ಎರಡೇ ಪುಟ. ಮೊದಲ ಪುಟದಲ್ಲಿ ಹೊಸ ರೇಟ್ ದಪ್ಪ ಅಕ್ಷರದಲ್ಲಿತ್ತು. ಎರಡನೆಯ ಪುಟದ ಕೆಳಭಾಗದಲ್ಲಿ ಎರಡು ಸಾಲು ಬದಲಾಗಿದ್ದವು. ಇನ್‌ವಾಯ್ಸ್ ಕೊಟ್ಟ 30 ದಿನಕ್ಕೆ ಬರಬೇಕಿದ್ದ ಹಣ ಇನ್ನು ಮುಂದೆ 45 ದಿನಕ್ಕೆ. ಒಂದು ದಿನದ ಕೆಲಸ ಅಂದರೆ 8 ಗಂಟೆ ಎಂದಿದ್ದದ್ದು 9 ಗಂಟೆ. ನನ್ನದು ದಿನದ ರೇಟ್. ಗಂಟೆಯ ಲೆಕ್ಕಕ್ಕೆ ಇಳಿಸಿದರೆ ಅದು ಶೇ. 2 ಏರಿಕೆಯೇ ಅಲ್ಲ, ಶೇ. 9ಕ್ಕೂ ಹೆಚ್ಚಿನ ಇಳಿಕೆ. ನಾನು ಆಕ್ಷೇಪ ಎತ್ತಿದೆ. ‘ಅದು ಸ್ಟ್ಯಾಂಡರ್ಡ್ ಟೆಂಪ್ಲೇಟ್, ಯಾರಿಗೂ ಬದಲಾಯಿಸಲ್ಲ’ ಅಂದರು. ಕೈಯಲ್ಲಿ ಬೇರೆ ಕೆಲಸ ಇರಲಿಲ್ಲ, ಇದ್ದದ್ದು ಕೆಲವೇ ಗಂಟೆ. ಒಬ್ಬ ಮನುಷ್ಯನನ್ನು ಹೀಗೆ ಮೂಲೆಗೆ ತಳ್ಳಿ ಪಡೆದ ಒಪ್ಪಿಗೆಯನ್ನು ಒಪ್ಪಿಗೆ ಎನ್ನಲು ನನಗೆ ಇವತ್ತಿಗೂ ಮನಸ್ಸು ಬರುವುದಿಲ್ಲ.

ಕೆಲವು ವಾರಗಳ ನಂತರ ಕ್ಲೈಂಟ್ ಕಡೆಯ ಮ್ಯಾನೇಜರ್ ಮಾತಿನ ನಡುವೆ ಕೇಳಿದರು: ‘ನಿಮ್ಮ ರೇಟ್‌ಗೆ ಫೈನಾನ್ಸ್‌ನವರಿಂದ ಒಪ್ಪಿಗೆ ತಗೊಳ್ಳೋಷ್ಟರಲ್ಲಿ ಸಾಕುಸಾಕಾಯ್ತು. ಈಗ ಸಮಾಧಾನ ತಾನೇ?’ ನನಗೆ ಏನು ಹೇಳಬೇಕೆಂದೇ ತೋಚಲಿಲ್ಲ. ಅವರಿಗೂ ನನ್ನ ಮುಖ ನೋಡಿ ವಿಷಯ ಹೊಳೆಯಿತು. ಏಜೆನ್ಸಿಯವರಿಗೆ ಬರೆದು ಕೇಳಿದೆ. ‘ಕ್ಲೈಂಟ್ ಜೊತೆಗಿನ ನಮ್ಮ ದರದ ವಿವರ ಗೌಪ್ಯ’ ಎಂಬ ಒಂದು ಸಾಲಿನ ಉತ್ತರ ಬಂತು. ಕೇಳಿದ್ದನ್ನು ಅಲ್ಲಗಳೆಯಲೂ ಇಲ್ಲ.

ಇದು ಹೇಗೆ ಸಾಧ್ಯವಾಗುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕ್ಲೈಂಟ್ ಏಜೆನ್ಸಿಗೆ ಕೊಡುವುದು ಬಿಲ್ ರೇಟ್, ಏಜೆನ್ಸಿ ನಮಗೆ ಕೊಡುವುದು ಪೇ ರೇಟ್. ಎರಡೂ ತಿಳಿದಿರುವುದು ಸಾಮಾನ್ಯವಾಗಿ ಏಜೆನ್ಸಿಗೆ ಮಾತ್ರ. ಕ್ಲೈಂಟ್ 100 ಕೊಟ್ಟು ನಿಮಗೆ 78 ಬರುತ್ತಿದೆ ಎಂದಿಟ್ಟುಕೊಳ್ಳಿ. ಉಳಿದ 22ರಲ್ಲಿ ಏಜೆನ್ಸಿಯ ಖರ್ಚೂ ಇದೆ, ಅದನ್ನು ಇಲ್ಲ ಎನ್ನುವುದು ತಪ್ಪಾಗುತ್ತದೆ. ಕ್ಲೈಂಟ್‌ನಿಂದ ಹಣ ಬರುವ ಮೊದಲೇ ನಿಮಗೆ ಕೊಡಬೇಕಾಗಬಹುದು, ವಿಮೆ ಇರುತ್ತದೆ, ಅವರ ಪೇರೋಲ್‌ನಲ್ಲಿದ್ದರೆ ಉದ್ಯೋಗದಾತರ ಪಾಲಿನ ಕಟ್ಟುವಿಕೆಗಳೂ ಅದರಲ್ಲೇ ಹೋಗುತ್ತವೆ. ಆದರೆ ನಿಮ್ಮನ್ನು ಹುಡುಕಿದ್ದು, ರೆಸ್ಯೂಮೆ ಸೋಸಿದ್ದು, ಸಂದರ್ಶನಕ್ಕೆ ಕೂರಿಸಿದ್ದು ಎಲ್ಲವೂ ಮೊದಲ ಸಲದ ಖರ್ಚು. ರಿನ್ಯೂವಲ್‌ನಲ್ಲಿ ಅದು ಯಾವುದೂ ಇಲ್ಲ. ಹಾಗಾಗಿ ಕ್ಲೈಂಟ್ ಬಿಡಿಗಾಸು ಹೆಚ್ಚಿಸದಿದ್ದರೂ ನಿಮಗೆ 82 ಕೊಡಲು ಏಜೆನ್ಸಿಗೆ ಜಾಗ ಇರಬಹುದು. ಅದು ನಿಮಗೆ ಶೇ. 5ರ ಏರಿಕೆ, ಅವರಿಗೆ ಇನ್ನೂ 18 ಉಳಿಯುತ್ತದೆ. ಕ್ಲೈಂಟ್ 106ಕ್ಕೆ ಒಪ್ಪಿ ನಿಮ್ಮದು 78ರಲ್ಲೇ ನಿಂತರೆ ಅವರ ಪಾಲು 22ರಿಂದ 28ಕ್ಕೆ ಏರುತ್ತದೆ. ನಿಮ್ಮ ಶ್ರಮಕ್ಕೆಂದು ಮಂಜೂರಾದ ಹಣ ಅದು.

ಇನ್ನೊಂದು ಮಾತು. ‘ನಮ್ಮದು ಇಷ್ಟು ಪರ್ಸೆಂಟ್ ಅಷ್ಟೇ’ ಅಂದಾಗ ಯಾವುದರ ಮೇಲೆ ಎಂದು ಕೇಳಿ. ಮೇಲಿನ ಲೆಕ್ಕದಲ್ಲಿ ಬಿಲ್ ರೇಟ್ ಮೇಲೆ ಅದು ಶೇ. 22ರ ಮಾರ್ಜಿನ್. ಅದೇ ಹಣ ನಿಮ್ಮ ಪೇ ರೇಟ್ ಮೇಲೆ ಶೇ. 28ರ ಮಾರ್ಕಪ್. ಕೇಳುವವರಿಗೆ ತಕ್ಕಂತೆ ಹೇಳಲು ಎರಡು ಅಂಕಿ ಸಿದ್ಧ ಇರುತ್ತವೆ.

‘ಈ ಸಲ ಹೀಗೇ ಮುಂದುವರಿಯಲಿ, ಮುಂದಿನ ರಿನ್ಯೂವಲ್‌ನಲ್ಲಿ ನೋಡೋಣ’ ಎಂಬ ಮಾತಿಗೂ ಬೆಲೆ ಕಟ್ಟಿ ನೋಡಿ. ವರ್ಷಕ್ಕೆ ಶೇ. 5ರಂತೆ ಬೆಲೆ ಏರುವ ಕಡೆ ಮೂರು ವರ್ಷ ಒಂದೇ ರೇಟ್‌ನಲ್ಲಿದ್ದರೆ ಆ ಹಣದ ಕೊಳ್ಳುವ ಶಕ್ತಿ ಸುಮಾರು ಶೇ. 14 ಕರಗಿರುತ್ತದೆ. ಭರವಸೆ ಕೊಟ್ಟ ಅಕೌಂಟ್ ಮ್ಯಾನೇಜರ್ ಅಷ್ಟರಲ್ಲಿ ಬೇರೆ ಕಡೆ ಹೋಗಿರುತ್ತಾರೆ. ಬರಹದಲ್ಲಿ ಇಲ್ಲದ ಭರವಸೆಯನ್ನು ಹೊಸಬರು ಒಪ್ಪುವುದಿಲ್ಲ.

ನನ್ನ ಕೈ ಕಟ್ಟಿಹಾಕಿದ್ದು ರೇಟ್‌ಗಿಂತ ಹೆಚ್ಚಾಗಿ ಮೂಲ ಕರಾರಿನ ಷರತ್ತುಗಳು. ಏಜೆನ್ಸಿ ಒಂದು ವಾರದ ನೋಟಿಸ್ ಕೊಟ್ಟು ನನ್ನನ್ನು ಬಿಡಿಸಬಹುದು, ನಾನು ಬಿಡಬೇಕೆಂದರೆ 30 ದಿನ. ಬಿಟ್ಟ ಮೇಲೂ 12 ತಿಂಗಳು ಅದೇ ಕ್ಲೈಂಟ್ ಬಳಿ ನೇರವಾಗಿಯಾಗಲೀ ಬೇರೆ ಏಜೆನ್ಸಿ ಮೂಲಕವಾಗಲೀ ಕೆಲಸ ಮಾಡುವಂತಿಲ್ಲ. ಇಂಥ ನಿರ್ಬಂಧ ಎಷ್ಟರಮಟ್ಟಿಗೆ ಊರ್ಜಿತ ಎಂಬುದು ದೇಶದಿಂದ ದೇಶಕ್ಕೆ ಬೇರೆ, ತಿಳಿದ ವಕೀಲರಿಗೆ ಒಮ್ಮೆ ತೋರಿಸಿ. ಕೆಲವು ಕರಾರುಗಳಲ್ಲಿ ‘ಕ್ಲೈಂಟ್ ಹಣ ಕೊಟ್ಟ ಮೇಲೆ ಮಾತ್ರ ನಿಮಗೆ’ ಎಂಬ ಸಾಲಿರುತ್ತದೆ. ಅದೊಂದನ್ನು ಮಾತ್ರ ಯಾವ ರೇಟ್‌ಗೂ ಒಪ್ಪಬೇಡಿ ಎನ್ನುತ್ತೇನೆ. ಕ್ಲೈಂಟ್ ಮುಳುಗಿದರೆ ನೀವು ಮಾಡಿದ ಕೆಲಸವೂ ಅದರ ಜೊತೆ ಮುಳುಗುತ್ತದೆ. ಹೊಸ ಕಾಗದ ಬರದೆ ಹಳೇ ಅವಧಿ ಮುಗಿದ ಮೇಲೂ ಕೆಲಸ ಮುಂದುವರಿಸಿದರೆ, ಹಳೇ ಷರತ್ತುಗಳಿಗೇ ಒಪ್ಪಿದಂತೆ ಎಂದು ಅವರು ವಾದಿಸಬಹುದು. ಹಾಗೆ ಮುಂದುವರಿಯಲೇಬೇಕಾದರೆ ‘ಹೊಸ ರೇಟ್ ಬಗ್ಗೆ ಮಾತುಕತೆ ಇನ್ನೂ ಮುಗಿದಿಲ್ಲ’ ಎಂದು ಒಂದು ಮೇಲ್ ಆದರೂ ಕಳಿಸಿಡಿ.

ಕ್ಲೈಂಟ್ ಮ್ಯಾನೇಜರ್ ಜೊತೆ ಮಾತಾಡಬೇಡಿ ಎನ್ನುವುದನ್ನು ಆಜ್ಞೆಯೆಂದು ತೆಗೆದುಕೊಳ್ಳುವ ಮೊದಲು ಕರಾರು ತೆರೆದು ನೋಡಿ. ಬಿಲ್ ರೇಟ್ ಚರ್ಚಿಸಬಾರದು ಎಂದು ಬರೆದಿರಬಹುದು. ಹಾಗಿದ್ದರೂ ‘ನನ್ನನ್ನು ಮುಂದುವರಿಸುವ ಇರಾದೆ ಇದೆಯೇ? ಏಜೆನ್ಸಿಯಿಂದ ರೇಟ್ ಪರಿಷ್ಕರಣೆಯ ಕೋರಿಕೆ ನಿಮಗೆ ತಲುಪಿತೇ?’ ಎಂದು ಕೇಳುವುದರಲ್ಲಿ ಯಾವ ಅಂಕಿಯೂ ಇಲ್ಲ. ನಿಮ್ಮ ಬದಲಿಗೆ ಬೇರೊಬ್ಬರನ್ನು ತರಬೇಕೆಂದರೆ ಆಗುವ ತೊಂದರೆ ಆ ಮ್ಯಾನೇಜರ್‌ಗೆ ಚೆನ್ನಾಗಿ ಗೊತ್ತು. ಏಜೆನ್ಸಿ ನಿಮಗೆ ಹೇಳದೇ ಇರುವುದು ಅದನ್ನೇ.

ಅವಧಿ ಮುಗಿದ ಮೇಲೆ ನಾನು ಅಲ್ಲಿ ಮುಂದುವರಿಯಲಿಲ್ಲ. ಅದೇ ಏಜೆನ್ಸಿಯಲ್ಲಿ ಇನ್ನೂ ಸ್ನೇಹಿತರಿದ್ದಾರೆ, ಅವರ ರಿನ್ಯೂವಲ್ ಹತ್ತಿರ ಬರುತ್ತಿದೆ. ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಕಾಗದ ಕೈಗೆ ಬರುವ ಮೊದಲೇ, ಫೋನಿನಲ್ಲಿ ಬೇಡ, ಮೇಲ್‌ನಲ್ಲಿ ಹೀಗೆ ಕೇಳಿ: ‘ನನ್ನ ರೇಟ್ ಹೆಚ್ಚಿಸುವ ಕೋರಿಕೆಯನ್ನು ಕ್ಲೈಂಟ್‌ಗೆ ಯಾವ ದಿನ ಕಳಿಸಿದಿರಿ? ಈ ರಿನ್ಯೂವಲ್‌ನಲ್ಲಿ ಬಿಲ್ ರೇಟ್ ಬದಲಾಗುತ್ತಿದೆಯೇ? ಎಕ್ಸ್‌ಟೆನ್ಶನ್ ಲೆಟರ್‌ನಲ್ಲಿ ರೇಟ್ ಮತ್ತು ದಿನಾಂಕ ಬಿಟ್ಟು ಬೇರೆ ಯಾವ ಸಾಲು ಬದಲಾಗಿದೆ?’ ಉತ್ತರಿಸಲು ಗಡುವು ಕೊಡಿ, ಅಷ್ಟರೊಳಗೆ ಇನ್ನೊಂದು ಕಡೆ ಸಂದರ್ಶನವನ್ನೂ ಕೊಟ್ಟುಬನ್ನಿ. ಬಿಲ್ ರೇಟ್ ಎಷ್ಟು ಎಂದು ಹೇಳದಿರುವುದು ಅವರಿಷ್ಟ. ಬದಲಾಗುತ್ತಿದೆಯೇ ಇಲ್ಲವೇ ಎಂಬುದಕ್ಕೂ ಬರಹದಲ್ಲಿ ಉತ್ತರ ಕೊಡದೆ ಫೋನ್ ಮಾಡಿದರೆ, ಆ ಸಂಜೆ ಸಹಿ ಮಾಡಬೇಡಿ.