ವಿಗ್ಗಿನ ಕೂದಲಿಗೆ ಬಿಸಿ: ಸ್ಟ್ರೈಟ್ನರ್, ಕರ್ಲರ್, ಡ್ರೈಯರ್, ರೋಲರ್

ಮನುಷ್ಯರ ಕೂದಲಿನ ವಿಗ್ ಮಾರುವ ಅಂಗಡಿಯವರು ತಪ್ಪದೆ ಹೇಳುವ ಮಾತೊಂದಿದೆ: "ಒರಿಜಿನಲ್ ಹೇರ್ ಮೇಡಂ, ನಿಮ್ಮ ಸ್ವಂತ ಕೂದಲಿದ್ದ ಹಾಗೆಯೇ, ಹೇಗೆ ಬೇಕಾದರೂ ಸ್ಟೈಲ್ ಮಾಡಿಕೊಳ್ಳಿ." ಈ ಮಾತಿನಲ್ಲಿ ಅರ್ಧ ಮಾತ್ರ ನಿಜ. ತಲೆಯಲ್ಲಿ ಬೆಳೆಯುವ ಕೂದಲಿಗೆ ನೆತ್ತಿಯ ಜಿಡ್ಡು ಇಳಿಯುತ್ತಿರುತ್ತದೆ. ತುದಿ ಸೀಳಿದರೆ ಕತ್ತರಿಸಿ ಹಾಕಬಹುದು, ಬುಡದಿಂದ ಮತ್ತೆ ಬರುತ್ತದೆ. ವಿಗ್ಗಿನ ಕೂದಲಿಗೆ ಜಿಡ್ಡೂ ಇಲ್ಲ, ಬೆಳವಣಿಗೆಯೂ ಇಲ್ಲ. ಅದರ ಮೇಲೆ ಬಿದ್ದ ಬಿಸಿಯ ಲೆಕ್ಕ ಕೊನೆಯವರೆಗೂ ಅದರಲ್ಲೇ ಉಳಿಯುತ್ತದೆ. ಅಲೊಪೀಷಿಯಾ, ಅಂದರೆ ಕೂದಲು ಉದುರುವ ತೊಂದರೆಯಿಂದಾಗಿ ವಿಗ್ ನನಗೆ ದಿನಬಳಕೆಯ ವಸ್ತು. ಆದ್ದರಿಂದ ಬಿಸಿ ಸಲಕರಣೆಗಳಲ್ಲಿ ಯಾವುದು ಎಷ್ಟು ಹಾನಿ ಮಾಡುತ್ತದೆ ಎಂಬುದನ್ನು ಒಂದೇ ವಿಗ್ಗಿನ ಎಡಗಡೆಗೆ ಒಂದು ವಿಧಾನ, ಬಲಗಡೆಗೆ ಇನ್ನೊಂದು ವಿಧಾನ ಬಳಸಿ ನೋಡುವುದೇ ಸರಿ ಎನಿಸಿತು.

ಪರೀಕ್ಷೆಗೆ ಬಳಸಿದ್ದು ಎರಡು ವಿಗ್. ಒಂದು, ಬಣ್ಣ ಹಾಕದ ಕಪ್ಪು ಕೂದಲಿನದು, ಒದ್ದೆಯಾದರೆ ತನ್ನಷ್ಟಕ್ಕೆ ಸ್ವಲ್ಪ ಅಲೆಯಾಗುವಂಥದ್ದು. ಇನ್ನೊಂದು, ಬ್ಲೀಚ್ ಮಾಡಿ ಕಂದು ಬಣ್ಣ ಕೊಟ್ಟದ್ದು. ಇವೆರಡರ ನಡುವಿನ ವ್ಯತ್ಯಾಸ ಬಣ್ಣದಲ್ಲಷ್ಟೇ ಇರುವುದಿಲ್ಲ, ಎಳೆಯ ಹೊರಪದರ ಎಷ್ಟು ಉಳಿದಿದೆ ಎಂಬುದರಲ್ಲೂ ಇರುತ್ತದೆ. ಒಂದು ಎಳೆಯನ್ನು ಎರಡು ಬೆರಳ ನಡುವೆ ಹಿಡಿದು ಬುಡದಿಂದ ತುದಿಗೆ ಸವರಿದರೆ ನಯವಾಗಿಯೂ, ತುದಿಯಿಂದ ಬುಡಕ್ಕೆ ಸವರಿದರೆ ತುಸು ತರಕಲಾಗಿಯೂ ಇದ್ದರೆ ಹೊರಪದರದ ಹುರುಪೆಗಳು ಇನ್ನೂ ಉಳಿದಿವೆ ಎಂದರ್ಥ. ತಿರುಮಲದಂಥ ಕಡೆ ಮುಡಿ ಕೊಟ್ಟ ಉದ್ದ ಕೂದಲು ಬುಡ ತುದಿ ಅದಲುಬದಲಾಗದೆ ಕಂತೆಯಾಗಿ ಬರುವುದರಿಂದ ಅದರಲ್ಲಿ ಈ ಪದರವನ್ನು ಉಳಿಸಿಕೊಳ್ಳಲು ಸಾಧ್ಯ. ವ್ಯಾಪಾರದಲ್ಲಿ ಇದಕ್ಕೆ ರೆಮಿ ಎನ್ನುತ್ತಾರೆ. ಊರೂರು ತಿರುಗಿ ಪಾತ್ರೆ, ಪಿನ್ನು ಕೊಟ್ಟು ಕೊಳ್ಳುವ ಉದುರುಗೂದಲಿನ ಉಂಡೆಗಳ ಕಥೆ ಬೇರೆ. ಅದರಲ್ಲಿ ಬುಡ ತುದಿ ಕಲಸಿಹೋಗಿರುತ್ತದೆ. ಸಿಕ್ಕಾಗದಿರಲೆಂದು ಅಂಥ ಕೂದಲಿನ ಹುರುಪೆಗಳನ್ನು ಆಮ್ಲದಲ್ಲಿ ತೆಗೆದು, ಮೇಲೆ ಸಿಲಿಕೋನ್ ಲೇಪ ಕೊಡುವುದುಂಟು. ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಕೂದಲು ಬಿಡಿಸಿ, ತೊಳೆದು, ಅಳತೆಗೆ ತಕ್ಕಂತೆ ಜೋಡಿಸುವ ಕೆಲಸವೇ ಒಂದು ದೊಡ್ಡ ಉದ್ಯಮ. ಲೇಪ ಕೊಟ್ಟ ಕೂದಲು ಅಂಗಡಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಹೊಳೆಯುತ್ತದೆ. ಕೆಲವು ತೊಳೆತಗಳ ಬಳಿಕ ಲೇಪ ಹೋದಾಗ ಅದರ ನಿಜರೂಪ ಕಾಣುತ್ತದೆ. ಅಂಥದ್ದಕ್ಕೆ ಯಾವ ಬಿಸಿಯೂ ಒಗ್ಗುವುದಿಲ್ಲವೆಂದೇ ನನ್ನ ಅಭಿಪ್ರಾಯ.

ಬಿಸಿ ಮಾಡುವ ಕೆಲಸವಾದರೂ ಏನು? ಕೂದಲು ಆಗಿರುವುದೇ ಕೆರಾಟಿನ್ ಎಂಬ ಪ್ರೋಟೀನಿನಿಂದ. ಅದರಲ್ಲಿ ನೀರು ಮತ್ತು ಬಿಸಿ ತಾಗಿದರೆ ಬಿಚ್ಚಿಕೊಳ್ಳುವ, ಒಣಗಿ ತಣಿದಾಗ ಮತ್ತೆ ಕೂಡಿಕೊಳ್ಳುವ ಹೈಡ್ರೋಜನ್ ಬಂಧಗಳಿವೆ. ಅವು ಯಾವ ಆಕಾರದಲ್ಲಿ ತಣಿಯುತ್ತವೆಯೋ ಅದೇ ಆಕಾರ ಮುಂದಿನ ತೊಳೆತದವರೆಗೆ ನಿಲ್ಲುತ್ತದೆ. ಸುರುಳಿ ನಿಲ್ಲದಿದ್ದರೆ ನಾವು ಸಾಮಾನ್ಯವಾಗಿ ಡಯಲ್ ಏರಿಸುತ್ತೇವೆ. ವಾಸ್ತವದಲ್ಲಿ ಹೆಚ್ಚಿಸಬೇಕಾದದ್ದು ತಣಿಯಲು ಬಿಡುವ ಸಮಯವನ್ನು. ಒಣ ಕೂದಲಿನ ಕೆರಾಟಿನ್ ರಚನೆ ಸುಮಾರು 230 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕುಸಿಯುತ್ತದೆ, ಪೂರ್ತಿ ತೊಯ್ದ ಕೂದಲಿನಲ್ಲಿ 150ರ ಆಸುಪಾಸಿನಲ್ಲೇ ಕುಸಿಯುತ್ತದೆ. ಮಾರುಕಟ್ಟೆಯ ಹಲವು ಸ್ಟ್ರೈಟ್ನರ್‌ಗಳ ಡಯಲ್ 230ರವರೆಗೆ ಹೋಗುತ್ತದೆ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಒದ್ದೆ ಕೂದಲನ್ನು ಕಾದ ಪ್ಲೇಟಿನ ನಡುವೆ ಒತ್ತಿದರೆ ಎಳೆಯೊಳಗಿನ ನೀರು ಒಮ್ಮೆಲೇ ಆವಿಯಾಗಿ ಒಳಗೆ ಗುಳ್ಳೆಗಳಾಗುತ್ತವೆ, ಆಮೇಲೆ ಆ ಜಾಗದಲ್ಲಿ ಕೂದಲು ಪುಟಕ್ಕನೆ ತುಂಡಾಗುತ್ತದೆ. "ಒದ್ದೆಯಿಂದ ನೇರ ಒಣಕ್ಕೆ" ಎಂದು ಮಾರುವ ಸ್ಟ್ರೈಟ್ನರ್‌ಗಳನ್ನು ನಾನು ಈ ಹೋಲಿಕೆಗೆ ಸೇರಿಸಿಯೇ ಇಲ್ಲ.

ಸ್ಟ್ರೈಟ್ನರ್‌ನಲ್ಲಿ ಸೆರಾಮಿಕ್ ಪ್ಲೇಟ್ ಮತ್ತು ಟೈಟಾನಿಯಂ ಪ್ಲೇಟ್ ಎರಡನ್ನೂ ಬಳಸಿ ನೋಡಿದೆ. ಟೈಟಾನಿಯಂ ಬೇಗ ಕಾಯುತ್ತದೆ, ಬಿಸಿಯನ್ನು ಕೂದಲಿಗೆ ಬೇಗ ದಾಟಿಸುತ್ತದೆ. ಪಾರ್ಲರಿನಲ್ಲಿ ದಪ್ಪ ಕೂದಲಿನವರು ಸಾಲುಗಟ್ಟಿ ಕಾದಿರುವಾಗ ಇದು ಅನುಕೂಲವೇ ಹೌದು. ವಿಗ್ಗಿಗೆ ಆ ಅವಸರ ಬೇಕಿಲ್ಲ. ಒಂದೇ ಡಿಗ್ರಿಯಲ್ಲಿ ಎರಡನ್ನೂ ಎಳೆದಾಗ ಟೈಟಾನಿಯಂ ಎಳೆದ ಕಂದು ಕೂದಲಿನ ತುದಿ ಬಿಳಿ ಕಾಗದದ ಮೇಲಿಟ್ಟು ನೋಡಿದರೆ ಕೆಂಚಗೆ ತಿರುಗಿದ್ದು ಎದ್ದು ಕಾಣುತ್ತಿತ್ತು. ಸೆರಾಮಿಕ್ ಕಡೆ ಬಣ್ಣ ಹಾಗೆಯೇ ಇತ್ತು. ನೆರೆಗೂದಲಿನ ವಿಗ್ ಇರುವವರು ಇನ್ನಷ್ಟು ಎಚ್ಚರದಿಂದಿರಬೇಕು, ಏಕೆಂದರೆ ಬಿಳಿ ಕೂದಲು ಅತಿ ಬಿಸಿಗೆ ಹಳದಿಯಾಗುತ್ತದೆ. ಬಣ್ಣ ಹಾಕದ ಕಪ್ಪು ಕೂದಲಿಗೆ 160ರಿಂದ 170 ಡಿಗ್ರಿ, ಬಣ್ಣದ ಕೂದಲಿಗೆ 140ರಿಂದ 150 ಸಾಕಾಯಿತು. ಷರತ್ತು ಏನೆಂದರೆ ಕೂದಲು ಪೂರ್ತಿ ಒಣಗಿರಬೇಕು, ಸಿಕ್ಕು ಬಿಡಿಸಿರಬೇಕು, ಬೆರಳಗಲದ ಎಳೆಗಳನ್ನು ಮಾತ್ರ ತೆಗೆದುಕೊಂಡು ಒಮ್ಮೆ ನಿಧಾನವಾಗಿ ಎಳೆಯಬೇಕು. ದಪ್ಪ ಎಳೆ ಹಿಡಿದವರು ಅದನ್ನೇ ನಾಲ್ಕಾರು ಸಲ ಎಳೆಯಬೇಕಾಗುತ್ತದೆ. ಡಿಗ್ರಿ ಕಡಿಮೆಯಿದ್ದರೂ ಹಾನಿ ಅಷ್ಟೇ ಆಗುತ್ತದೆ. ಪ್ಲೇಟನ್ನು ಲೇಸಿನಿಂದ, ಅಂದರೆ ವಿಗ್ಗಿನ ಕೂದಲನ್ನು ಕಟ್ಟಿರುವ ತೆಳು ಬಲೆಯಿಂದ, ಎರಡು ಬೆರಳಷ್ಟು ದೂರವಿಡಬೇಕು, ಏಕೆಂದರೆ ಕೂದಲು ತಡೆದುಕೊಳ್ಳುವ ಬಿಸಿಯನ್ನು ಆ ಸಣ್ಣ ನೈಲಾನ್ ಅಥವಾ ಪಾಲಿಯೆಸ್ಟರ್ ಬಲೆ ತಡೆದುಕೊಳ್ಳುವುದಿಲ್ಲ. ನೆಟ್ಟಗಿನ ಕೂದಲೇ ಬೇಕೆನ್ನುವವರಿಗೆ ಸೆರಾಮಿಕ್ ಸ್ಟ್ರೈಟ್ನರ್ ಬಿಟ್ಟರೆ ಬೇರೆ ದಾರಿಯಿಲ್ಲ.

ಸುರುಳಿಯ ವಿಷಯದಲ್ಲಿ ಆಯ್ಕೆಗೆ ಅವಕಾಶ ಹೆಚ್ಚು, ನನ್ನ ಒಲವು ಬದಲಾದದ್ದೂ ಇಲ್ಲಿಯೇ. ಒಂದು ಕಡೆ ಕರ್ಲಿಂಗ್ ರಾಡ್. ಇನ್ನೊಂದು ಕಡೆ ಒದ್ದೆ ಕೂದಲಿಗೆ ರೋಲರ್ ಸುತ್ತಿ ಮಂದ ಬಿಸಿಗಾಳಿಯಲ್ಲಿ ಒಣಗಿಸುವ ಹಳೆಯ ಪದ್ಧತಿ. ರಾಡಿನ ಗುಣವೆಂದರೆ ವೇಗ. ವಿಗ್ಗನ್ನು ಕ್ಯಾನ್ವಾಸ್ ತಲೆಗೆ ಟಿ-ಪಿನ್ ಹಾಕಿ ಬಿಗಿದು, ಕೆಳಗಿನ ಸಾಲಿನಿಂದ ಶುರುಮಾಡಿ, ಒಂದೊಂದು ಎಳೆಯನ್ನು 150 ಡಿಗ್ರಿಯಲ್ಲಿ ಎಂಟು ಹತ್ತು ಸೆಕೆಂಡು ಸುತ್ತಿಟ್ಟರೆ ಸಾಕು. ಅನಂತರ ಸುರುಳಿಯನ್ನು ಜಾರಲು ಬಿಡದೆ ರಾಡಿನಿಂದ ಅಂಗೈಗೆ ಇಳಿಸಿಕೊಂಡು, ಅದೇ ಉಂಗುರವನ್ನು ಬುಡದ ಹತ್ತಿರಕ್ಕೆ ಸುತ್ತಿ ಪಿನ್ ಚುಚ್ಚಬೇಕು. ಆಗ ಅದು ಕೈಗೆ ಬಿಸಿ ಜಿಲೇಬಿಯ ಹಾಗೆ ಮೆತ್ತಗೆ ಸಿಗುತ್ತದೆ. ಪೂರ್ತಿ ತಣ್ಣಗಾದ ಮೇಲೆ ಪಿನ್ ತೆಗೆದರೆ ಗಟ್ಟಿಯಾಗಿ ನಿಂತಿರುತ್ತದೆ. ಪಿನ್ ಮಾಡಿದ ಎಳೆ ಸಂಜೆಯವರೆಗೂ ಹಾಗೆಯೇ ಉಳಿದರೆ, ಅದೇ ಡಿಗ್ರಿಯಲ್ಲಿ ಸುತ್ತಿ ಪಿನ್ ಇಲ್ಲದೆ ಬಿಟ್ಟ ಪಕ್ಕದ ಎಳೆ ಮಧ್ಯಾಹ್ನದೊಳಗೆ ಇಳಿದುಹೋಯಿತು.

ಡಯಲ್ ಇಲ್ಲದ ಅಗ್ಗದ ರಾಡ್ ಇದ್ದವರು ಕಾಗದದ ಪರೀಕ್ಷೆ ಮಾಡಬಹುದು. 1870ರ ದಶಕದಲ್ಲಿ ಪ್ಯಾರಿಸ್ಸಿನ ಮಾರ್ಸೆಲ್ ಗ್ರಾಟೋ ಕಾಯಿಸಿದ ಇಕ್ಕಳದಿಂದ ಅಲೆ ಮೂಡಿಸುವ ಕಲೆಯನ್ನು ಜನಪ್ರಿಯಗೊಳಿಸಿದ. ಅಂಥ ಇಕ್ಕಳಗಳನ್ನು ಬಳಸುವವರು ತೆಳು ಬಿಳಿ ಕಾಗದಕ್ಕೆ ಒತ್ತಿ ನೋಡಿ, ಕಾಗದ ಕಂದಿದರೆ ಆರಲು ಬಿಡುವುದು ರೂಢಿ. ನಿಖರವಾದ ಅಳತೆ ಇದಲ್ಲ. ಆದರೆ ಕಾಗದವನ್ನು ಸುಡುವ ರಾಡ್ ಕೂದಲಿಗೆ ಯೋಗ್ಯವಲ್ಲವೆಂಬುದಂತೂ ಖಚಿತ.

ರೋಲರ್ ವಿಧಾನಕ್ಕೆ ತಾಳ್ಮೆ ಬೇಕು. ಶಾಂಪೂ, ಕಂಡೀಷನರ್ ಮುಗಿದ ಮೇಲೆ ವಿಗ್ಗನ್ನು ಹಿಂಡದೆ ಟವೆಲ್ಲಿನಲ್ಲಿ ಒತ್ತಿ ನೀರು ತೆಗೆದು, ಅಗಲ ಹಲ್ಲಿನ ಹಣಿಗೆಯಲ್ಲಿ ಬಾಚಿ, ರೋಲರ್ ಸುತ್ತಿ, ಡ್ರೈಯರಿಗೆ ಸಿಕ್ಕಿಸುವ ಬಟ್ಟೆಯ ಟೊಪ್ಪಿ (ಬಾನೆಟ್) ತೊಡಿಸಿ ಕಡಿಮೆ ಬಿಸಿಯಲ್ಲಿ ಒಣಗಿಸಿದೆ. ಉದ್ದ ಕೂದಲಾದರೆ ಉಳಿದ ತೇವ ಆರಲು ರಾತ್ರಿಯಿಡೀ ಫ್ಯಾನಿನ ಕೆಳಗೆ ಬಿಡಬೇಕಾಗುತ್ತದೆ. ವಿದೇಶದ ದೊಡ್ಡ ರಂಗಮಂದಿರಗಳ ವಿಗ್ ವಿಭಾಗಗಳಲ್ಲಿ ವಾರಕ್ಕೆ ಹಲವು ಪ್ರದರ್ಶನ ಕಾಣುವ ವಿಗ್ಗುಗಳನ್ನು ಹೆಚ್ಚಾಗಿ ಹೀಗೆಯೇ ಒದ್ದೆಯಲ್ಲಿ ಸುತ್ತಿ, ಮಂದ ಬಿಸಿಯ ಪೆಟ್ಟಿಗೆಯಲ್ಲಿ ಒಣಗಿಸುತ್ತಾರೆ. ಕಾರಣ ಸರಳವಾಗಿದೆ: ಇಲ್ಲಿ ಬಂಧ ಬಿಚ್ಚುವ ಕೆಲಸವನ್ನು ನೀರೇ ಮಾಡುತ್ತದೆ, ಬಿಸಿಗಾಳಿ ಒಣಗಿಸಿದರೆ ಸಾಕು. ಫಲಿತಾಂಶದಲ್ಲಿಯೂ ರೋಲರ್ ಬದಿಯೇ ಮೇಲು. ರಾಡ್ ಹಾಕಿದ ಬದಿ ಒಂದೆರಡು ದಿನಕ್ಕೆ ಮತ್ತೆ ಬಿಸಿ ಕೇಳಿತು. ರೋಲರ್ ಬದಿ ಮುಂದಿನ ತೊಳೆತದವರೆಗೆ ಬರಿಯ ಬೆರಳಾಡಿಸಿದರೆ ಸರಿಹೋಗುತ್ತಿತ್ತು.

ದೋಷವಿಲ್ಲವೆಂದಲ್ಲ. ಕೈಯಿಂದ ಒಂದೊಂದೇ ಗಂಟು ಹಾಕಿ ಕಟ್ಟಿದ ಲೇಸ್ ವಿಗ್ಗಿನಲ್ಲಿ ಒದ್ದೆ ಕೂದಲನ್ನು ಬಿಗಿಯಾಗಿ ಸುತ್ತಿದರೆ ಹಣೆಯಂಚಿನ ಗಂಟುಗಳು ಜಾರುತ್ತವೆ. ಬುಡಕ್ಕೆ ಕಂಡೀಷನರ್ ತಾಗಿದ್ದರಂತೂ ಇನ್ನೂ ಬೇಗ. ಆದ್ದರಿಂದ ಹಣೆಯಂಚಿನ ಎರಡು ಮೂರು ಸಾಲಿಗೆ ರೋಲರ್ ಬಿಟ್ಟು ರಾಡನ್ನೇ, ಅದೂ ತುದಿಯಿಂದ ಅರ್ಧದವರೆಗೆ ಮಾತ್ರ ಬಳಸುತ್ತೇನೆ. ಯಂತ್ರದಲ್ಲಿ ಹೊಲಿದ ಪಟ್ಟಿಗಳ ವಿಗ್ಗಿಗೆ ಈ ಚಿಂತೆ ಕಡಿಮೆ.

ಡ್ರೈಯರ್ ಮತ್ತು ದುಂಡು ಬ್ರಷ್ಷಿನ ಜೋಡಿ ನೋಡುವವರ ಕಣ್ಣಿಗೆ ಅತ್ಯಂತ ಸಹಜವಾದ ರೂಪ ಕೊಡುತ್ತದೆ, ಬ್ರಷ್ಷಿನಲ್ಲಿ ಅತಿ ಹೆಚ್ಚು ಕೂದಲು ಉಳಿಯುವುದೂ ಇದರಲ್ಲೇ. ಹಾನಿ ಗಾಳಿಯ ಬಿಸಿಗಿಂತ ಎಳೆತದಿಂದ ಆಗುತ್ತದೆ. ಮುಕ್ಕಾಲು ಪಾಲು ಒಣಗಿದ ಮೇಲಷ್ಟೇ ಬ್ರಷ್ ಹಿಡಿದು, ಡ್ರೈಯರಿನ ಮೂತಿಯನ್ನು ಒಂದು ಗೇಣು ದೂರವಿಟ್ಟು, ಬುಡದಿಂದ ತುದಿಯ ಕಡೆಗೆ ಗಾಳಿ ಬಿಟ್ಟು, ಕೊನೆಯಲ್ಲಿ ತಂಪುಗಾಳಿಯ ಗುಂಡಿ ಒತ್ತುವುದಾದರೆ ಅಪರೂಪಕ್ಕೊಮ್ಮೆ ಸರಿ. ದಿನನಿತ್ಯಕ್ಕೆ ಬೇಡ. ಬಟ್ಟೆಯ ಸ್ಟೀಮರ್ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ: ಡಬ್ಬಿಯಲ್ಲಿ ಮಡಚಿಟ್ಟ ವಿಗ್ಗಿನ ಗೆರೆಗಳನ್ನು ಚೆನ್ನಾಗಿ ತೆಗೆಯುತ್ತದೆ, ರೋಲರಿನಲ್ಲಿ ಕೂರಿಸಿದ ಸುರುಳಿಯನ್ನೂ ಅಷ್ಟೇ ಚೆನ್ನಾಗಿ ಬಿಚ್ಚಿಹಾಕುತ್ತದೆ.

ಯಾವ ವಿಧಾನವಾದರೂ ಬಿಸಿತಡೆಯ ಸ್ಪ್ರೇಯನ್ನು ತೆಳುವಾಗಿ ಹಾಕಿ, ಬಾಚಿ, ಆರಲು ಬಿಡುವುದು ಒಳ್ಳೆಯದು. ಅದರಲ್ಲಿನ ಸಿಲಿಕೋನ್ ಬಿಸಿಯನ್ನು ನಿಧಾನವಾಗಿ ಮತ್ತು ಸಮನಾಗಿ ಹರಡುತ್ತದೆ. ಹಾಗೆಂದು ಸ್ಪ್ರೇ 200 ಡಿಗ್ರಿಗೆ ಪರವಾನಗಿ ಕೊಡುವುದಿಲ್ಲ. ಕೊಬ್ಬರಿ ಎಣ್ಣೆ ಇದಕ್ಕೆ ಬದಲಿಯಲ್ಲ. ಮನೆಯ ಹಿರಿಯರು ಎಷ್ಟೇ ಪ್ರೀತಿಯಿಂದ ಹೇಳಿದರೂ ಎಣ್ಣೆ ಹಚ್ಚಿದ ವಿಗ್ಗಿಗೆ ಸ್ಟ್ರೈಟ್ನರ್ ತಾಗಿಸಬಾರದು. ಎಣ್ಣೆಯ ಕೂದಲು ಜೋತುಬಿದ್ದು ಮತ್ತೆ ಮತ್ತೆ ಎಳೆಯಬೇಕಾಗುತ್ತದೆ, ಜೊತೆಗೆ ಲೇಸಿನ ಗಂಟುಗಳೂ ಸಡಿಲವಾಗುತ್ತವೆ.

ಹಾನಿಯಾಗಿದೆಯೇ ಎಂದು ತಿಳಿಯಲು ಹೊಳಪು ನೋಡಿ ಪ್ರಯೋಜನವಿಲ್ಲ, ಸೀರಮ್ ಹಾಕಿದರೆ ಸತ್ತ ಕೂದಲೂ ಹೊಳೆಯುತ್ತದೆ. ತೊಳೆದು ನೋಡಬೇಕು. ನನ್ನ ಕಪ್ಪು ವಿಗ್ಗಿನ ರೋಲರ್ ಬದಿ ನೀರು ತಾಗಿದ ಕೂಡಲೇ ತನ್ನ ಮೂಲ ಅಲೆಗೆ ಮರಳುತ್ತದೆ. ಪರೀಕ್ಷೆಗೆಂದೇ ಕತ್ತಿನ ಹಿಂಭಾಗದಿಂದ ಆರಿಸಿಕೊಂಡು ಪದೇ ಪದೇ 200ರಲ್ಲಿ ಎಳೆದ ಒಂದು ಎಳೆ ಮಾತ್ರ ಎಷ್ಟು ತೊಳೆದರೂ ನೆಟ್ಟಗೆ, ನಿರ್ಜೀವವಾಗಿ ತೂಗುತ್ತದೆ. ತೊಳೆದರೂ ಅಲೆ ಬಾರದಿದ್ದರೆ ಒಳಗಿನ ರಚನೆಯೇ ಕೆಟ್ಟಿದೆ ಎಂದು ತಿಳಿಯಬೇಕು. ಅದನ್ನು ಕೂದಲಿಗೆ ಹಚ್ಚುವ ಯಾವ ಮಾಸ್ಕೂ ಸರಿಪಡಿಸುವುದಿಲ್ಲ.

ಇಷ್ಟೆಲ್ಲ ಫಲಿತಾಂಶ ಬೆಂಗಳೂರಿನ ಒಣ ಹವೆಯ ತಿಂಗಳುಗಳದ್ದು. ಮಂಗಳೂರು, ಉಡುಪಿಯ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲಿನ ತೇವವೇ ಬಂಧಗಳನ್ನು ಬಿಚ್ಚುವುದರಿಂದ ಸ್ಟ್ರೈಟ್ನರ್ ಎಳೆದ ಕೂದಲು ಮನೆಯಿಂದ ಮದುವೆ ಹಾಲ್ ತಲುಪುವಷ್ಟರಲ್ಲಿ ಎದ್ದು ನಿಲ್ಲುತ್ತದೆ, ರೋಲರ್ ಸುರುಳಿಯೂ ಅರ್ಧ ದಿನದಲ್ಲಿ ಸಡಿಲಗೊಳ್ಳುತ್ತದೆ. ಅಲ್ಲಿಗೆ ಹೋಗುವಾಗ ನಾನು ಯಾವ ಸಲಕರಣೆಯನ್ನೂ ಒಯ್ಯುವುದಿಲ್ಲ. ತಾನಾಗಿ ಅಲೆಯಾಗುವ ಆ ಕಪ್ಪು ವಿಗ್ಗನ್ನೇ ತೊಳೆದು, ನೆರಳಿನಲ್ಲಿ ಒಣಗಿಸಿ, ಹಿಂದಕ್ಕೆ ಸಡಿಲ ಜಡೆ ಹಾಕಿ ಕ್ಲಿಪ್ ಸಿಕ್ಕಿಸಿಕೊಂಡು ಹೊರಡುತ್ತೇನೆ.