ಹಳೇ ಲ್ಯಾಪ್‌ಟಾಪಿಗೆ ಎಸ್‌ಎಸ್‌ಡಿ: ಡಿವಿಡಿ ಜಾಗದಲ್ಲೋ, ಹಾರ್ಡ್ ಡಿಸ್ಕ್ ಜಾಗದಲ್ಲೋ?

ಮೊದಲೇ ಹೇಳಿಬಿಡುತ್ತೇನೆ. ಹಳೇ ಲ್ಯಾಪ್‌ಟಾಪಿಗೆ ಎಸ್‌ಎಸ್‌ಡಿ (ಚಿಪ್‌ಗಳಲ್ಲಿ ಫೈಲು ಇಡೋ ವೇಗದ ಡ್ರೈವ್) ಹಾಕೋದಾದರೆ ಹಾರ್ಡ್ ಡಿಸ್ಕ್ ತೆಗೆದು ಅದೇ ಜಾಗದಲ್ಲಿ ಕೂರಿಸಿ. ಡಿವಿಡಿ ಡ್ರೈವ್ ಕಿತ್ತು, ಅಲ್ಲಿ ಕ್ಯಾಡಿ (ಡಿವಿಡಿ ಡ್ರೈವಿನ ಆಕಾರದ, ಇನ್ನೊಂದು ಡ್ರೈವ್ ಕೂರಿಸೋ ಚೌಕಟ್ಟು) ಇಟ್ಟು, ಹಾರ್ಡ್ ಡಿಸ್ಕ್, ಎಸ್‌ಎಸ್‌ಡಿ ಎರಡನ್ನೂ ಒಳಗೇ ಉಳಿಸಿಕೊಳ್ಳುವ ಆಸೆ ಬೇಡ. ನಾನು ಎರಡನ್ನೂ ಮಾಡಿ ನೋಡಿದ್ದೇನೆ.

ನನ್ನದು 2013ರ ಲ್ಯಾಪ್‌ಟಾಪ್. ಮೂರನೇ ತಲೆಮಾರಿನ ಐ5, 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಮನೆಯಲ್ಲೇ ಕೂತು ಡಿಟಿಪಿ ಕೆಲಸ ಮಾಡುತ್ತೇನೆ. ಕನ್ನಡ ಟೈಪಿಂಗಿನ ನುಡಿ, ಪುಟ ಜೋಡಿಸೋ ಪೇಜ್‌ಮೇಕರ್, ನೂರಾರು ಫಾಂಟು, ಹತ್ತು ವರ್ಷದ ಫೈಲುಗಳು ಎಲ್ಲ ಇದರಲ್ಲೇ ಇವೆ. ಸಾಫ್ಟ್‌ವೇರ್ ಸಿಡಿಗಳಿದ್ದ ಡಬ್ಬಿ ಮನೆ ಬದಲಾಯಿಸುವಾಗ ಎಲ್ಲಿ ಹೋಯಿತೋ ಗೊತ್ತಿಲ್ಲ. ಹಾಗಾಗಿ ಎಲ್ಲವನ್ನೂ ಹೊಸದಾಗಿ ಇನ್‌ಸ್ಟಾಲ್ ಮಾಡೋ ಮಾತೇ ಇರಲಿಲ್ಲ. ಇದ್ದದ್ದು ಇದ್ದ ಹಾಗೇ ಹೊಸ ಡ್ರೈವಿಗೆ ಬರಬೇಕಿತ್ತು.

ಅಕ್ಟೋಬರ್ ಬಂತೆಂದರೆ ನನಗೆ ರಾಜ್ಯೋತ್ಸವದ ಸ್ಮರಣ ಸಂಚಿಕೆಗಳ ಕಾಲ. ಆನ್ ಮಾಡಿ ಪೇಜ್‌ಮೇಕರ್‌ನಲ್ಲಿ ಒಂದು ಪುಟ ತೆರೆಯೋಕೆ ಆರು ನಿಮಿಷ ಬೇಕಾಗುತ್ತಿತ್ತು. ಮೊದಲು ಖರ್ಚು ಕಡಿಮೆ ಅಂತ ಇನ್ನೊಂದು 4 ಜಿಬಿ ರ‍್ಯಾಮ್ ಹಾಕಿಸಿದೆ. ಬ್ರೌಸರ್ ಹಗುರವಾಯಿತು, ನಿಜ. ಆದರೆ ಆನ್ ಮಾಡಿ ಪುಟ ತೆರೆಯೋಕೆ ಅದೇ ಆರು ನಿಮಿಷ. ಕಾರಣ ಹಾರ್ಡ್ ಡಿಸ್ಕು. ನಿಮಿಷಕ್ಕೆ 5400 ಸುತ್ತು ತಿರುಗೋ ತಟ್ಟೆ ಅದು. ಅಂದರೆ ಒಂದು ಸುತ್ತಿಗೆ 11 ಮಿಲಿಸೆಕೆಂಡ್. ಒಂದೊಂದು ಫಾಂಟ್ ಫೈಲಿಗೂ ಅದನ್ನು ಓದೋ ಹೆಡ್ ಸರಿಯಾದ ಜಾಗಕ್ಕೆ ಸರಿದು, ತಟ್ಟೆ ತಿರುಗಿ ಬರೋವರೆಗೆ ಕಾಯಬೇಕು. ನೂರಾರು ಫಾಂಟಿಗೆ ಲೆಕ್ಕ ಹಾಕಿ ನೋಡಿ. ಎಸ್‌ಎಸ್‌ಡಿಯಲ್ಲಿ ತಿರುಗೋದು ಅಂತ ಏನೂ ಇಲ್ಲ.

ಸರಿ, ಸ್ಯಾಮ್‌ಸಂಗ್ 870 ಇವೊ 500 ಜಿಬಿ ಎಸ್‌ಎಸ್‌ಡಿ ತೆಗೆದುಕೊಂಡೆ. ಜೊತೆಗೆ ಒಂದು ಕ್ಯಾಡಿ. ವಿಂಡೋಸ್ ಎಸ್‌ಎಸ್‌ಡಿಯಲ್ಲಿ, ಫೈಲುಗಳು ಹಳೇ ಡಿಸ್ಕಿನಲ್ಲಿ ಅಂತ ನನ್ನ ಲೆಕ್ಕ. ಡಿವಿಡಿಯನ್ನು ಈಗ ಯಾರೂ ತಂದುಕೊಡಲ್ಲ, ಅದು ಹೋದರೆ ಹೋಗಲಿ ಅನ್ನಿಸಿತು.

ಕಂಪ್ಯೂಟರ್ ಸಾಮಾನಿನ ಅಂಗಡಿಗಳಿರೋ ಎಸ್.ಪಿ. ರೋಡ್ ನಮ್ಮ ಮನೆಯಿಂದ ಮಾರ್ಕೆಟ್ ದಾಟಿ ನಡೆದೇ ಹೋಗೋ ದೂರ. ಅಂಗಡಿಯವರು "ಎಲ್ಲಾ ಲ್ಯಾಪ್‌ಟಾಪಿಗೂ ಇದೇ ಕೂರತ್ತೆ ಸಾರ್, ತಗೊಂಡೋಗಿ" ಅಂದರು. ಮನೆಗೆ ಬಂದು ತಳ್ಳಿದರೆ ಕಾಲು ಭಾಗವೂ ಒಳಗೆ ಹೋಗಲಿಲ್ಲ. ಕ್ಯಾಡಿಯಲ್ಲಿ 12.7 ಮಿ.ಮೀ. ಮತ್ತು 9.5 ಮಿ.ಮೀ. ಅಂತ ಎರಡು ದಪ್ಪ ಇರುತ್ತವೆ. ನನಗೆ ಬೇಕಿದ್ದದ್ದು ತೆಳ್ಳಗಿನದು, ಕೈಗೆ ಬಂದದ್ದು ದಪ್ಪದ್ದು. ಮಾರನೇ ದಿನ ಭಾನುವಾರ, ಅಂಗಡಿ ಮುಚ್ಚಿತ್ತು. ಸೋಮವಾರ ಡಿವಿಡಿ ಡ್ರೈವನ್ನೇ ಬಿಚ್ಚಿ ಕೈಯಲ್ಲಿ ಹಿಡಿದು ಹೋದೆ. ಪಕ್ಕಕ್ಕಿಟ್ಟು ನೋಡಿ ಬದಲಾಯಿಸಿ ಕೊಟ್ಟರು. ನೀವೇನಾದರೂ ಹೋದರೆ ಹಾಗೇ ಹೋಗಿ.

ಆಮೇಲೆ ಮುಖಪಟ್ಟಿಯ ಕೆಲಸ. ಡಿವಿಡಿ ಡ್ರೈವಿನ ಮುಖಕ್ಕಿರುವ ಪ್ಲಾಸ್ಟಿಕ್ ಪಟ್ಟಿ ಬಿಚ್ಚಿ ಕ್ಯಾಡಿಗೆ ಹಾಕಬೇಕು, ಇಲ್ಲದಿದ್ದರೆ ಲ್ಯಾಪ್‌ಟಾಪಿನ ಪಕ್ಕ ಹಲ್ಲು ಬಿದ್ದ ಹಾಗೆ ಕಾಣುತ್ತೆ. ಟ್ರೇ ಹೊರಗೆ ಬಂದರೆ ಮಾತ್ರ ಪಟ್ಟಿ ಬಿಡುತ್ತೆ. ಪೇಪರ್ ಕ್ಲಿಪ್ ನೆಟ್ಟಗೆ ಮಾಡಿ, ಸಣ್ಣ ತೂತಿಗೆ ಚುಚ್ಚಿ ಟ್ರೇ ಎಳೆದೆ. ಪಟ್ಟಿಯ ಕೊಕ್ಕೆಗಳಲ್ಲಿ ಒಂದು ಮುರಿಯಿತು.

ಇಷ್ಟೆಲ್ಲ ಆಗಿ ಎಸ್‌ಎಸ್‌ಡಿ ಕ್ಯಾಡಿಯಲ್ಲಿ ಕೂತಿತು. ಸ್ಯಾಮ್‌ಸಂಗ್‌ನವರ ಸಾಫ್ಟ್‌ವೇರಿನಲ್ಲೇ ಸಿ ಡ್ರೈವ್ ಇದ್ದ ಹಾಗೇ ನಕಲು (ಕ್ಲೋನ್) ಆಯಿತು, ಬೇರೆ ಕೇಬಲ್ ಬೇಕಾಗಲಿಲ್ಲ. ಕ್ಯಾಡಿಯಿಂದ ಆದ ಒಂದೇ ಉಪಕಾರ ಅದು. ಡ್ರೈವಿನ ವಿವರ ತೋರಿಸೋ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತೆರೆದು ನೋಡಿದರೆ 'ಸಾಟಾ/300 | ಸಾಟಾ/600' ಅಂತ ತೋರಿಸಿತು. ಸಾಟಾ ಅಂದರೆ ಡ್ರೈವಿನ ಡೇಟಾ ಓಡಾಡೋ ದಾರಿ. ಬಲಗಡೆಯದು ಡ್ರೈವಿನ ತಾಕತ್ತು, ಎಡಗಡೆಯದು ಅದಕ್ಕೆ ಸಿಗುತ್ತಿರುವ ದಾರಿ. ನನ್ನ ಲ್ಯಾಪ್‌ಟಾಪಿನಲ್ಲಿ ಡಿವಿಡಿ ಜಾಗದ ದಾರಿ ಅರ್ಧ ಅಗಲ ಮಾತ್ರ. ಓದುವ ವೇಗ ಸೆಕೆಂಡಿಗೆ 270 ಎಂಬಿ ಆಸುಪಾಸು ಬಂತು. ನಿಜ ಹೇಳಬೇಕೆಂದರೆ ಅದು ದಿನದ ಕೆಲಸಕ್ಕೆ ಗೊತ್ತೇ ಆಗಲ್ಲ. ಸಣ್ಣ ಫೈಲುಗಳ ಓಟದಲ್ಲಿ ಅದೂ ಹಾರ್ಡ್ ಡಿಸ್ಕಿಗಿಂತ ಎಷ್ಟೋ ಮುಂದೆ.

ತೊಂದರೆ ಬಂದದ್ದು ಮುಚ್ಚಳ ಮುಚ್ಚಿ ತೆಗೆದಾಗ. ಊಟಕ್ಕೆ ಎದ್ದು ಹೋಗಿ ಬಂದರೆ ಕಪ್ಪು ಪರದೆ. ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡೋದೇ ದಾರಿ. ಕ್ಯಾಡಿಯ ಪಕ್ಕದಲ್ಲಿ ಅಕ್ಕಿಕಾಳಿನಷ್ಟು ಒಂದು ಸ್ವಿಚ್ ಇತ್ತು, ಮೂರು ಕಡೆ ಸರಿಯೋದು. ಬೇರೆ ಬೇರೆ ಲ್ಯಾಪ್‌ಟಾಪಿಗೆ ಹೊಂದಲಿ ಅಂತ ಇಟ್ಟಿರುತ್ತಾರೆ. ಸೂಜಿಯಲ್ಲಿ ಸರಿಸಿ, ಮತ್ತೆ ಒಳಗೆ ತಳ್ಳಿ, ಆನ್ ಮಾಡಿ ನೋಡಿದೆ. ಒಂದು ಕಡೆ ಇಟ್ಟರೆ ಡ್ರೈವೇ ಕಾಣಲಿಲ್ಲ. ಉಳಿದೆರಡರಲ್ಲೂ ಅದೇ ಕಪ್ಪು ಪರದೆ.

ಹಾಗಾದರೆ ಅದಲು ಬದಲು ಮಾಡೋಣ ಅಂತ ಎಸ್‌ಎಸ್‌ಡಿಯನ್ನು ಹಾರ್ಡ್ ಡಿಸ್ಕ್ ಜಾಗಕ್ಕೂ, ಹಾರ್ಡ್ ಡಿಸ್ಕನ್ನು ಕ್ಯಾಡಿಗೂ ಹಾಕಿದೆ. ವಿಂಡೋಸ್ ಚೆನ್ನಾಗಿ ಎದ್ದಿತು. ಆದರೆ ಅಂಗೈ ಇಡೋ ಜಾಗದಲ್ಲಿ ಸದಾ ಒಂದು ಝುಂ ಅನ್ನೋ ನಡುಕ. ಮೂರನೇ ದಿನ ಮುಚ್ಚಳ ತೆಗೆದಾಗ ಕ್ಯಾಡಿಯಲ್ಲಿದ್ದ ಹಾರ್ಡ್ ಡಿಸ್ಕ್, ಅಂದರೆ ಡಿ ಡ್ರೈವ್, ಮಾಯ. ತೆರೆದಿದ್ದ ಸಂಚಿಕೆಯ ಫೈಲು ಅದರಲ್ಲೇ ಇತ್ತು. ಬೆಳಗ್ಗೆಯಿಂದ ತಿದ್ದಿದ್ದ ಎರಡು ಪುಟ ಹೋಯಿತು. ಒಬ್ಬ ಹಿರಿಯರು ಕೈಬರಹದಲ್ಲಿ ಕೊಟ್ಟಿದ್ದ ತಿದ್ದುಪಡಿಗಳನ್ನು ಮತ್ತೆ ಒಂದೊಂದಾಗಿ ಹಾಕುವಾಗ ಕಣ್ಣಲ್ಲಿ ನೀರು ಬಂತು. ಆವತ್ತು ರಾತ್ರಿಯೇ ಕ್ಯಾಡಿ ತೆಗೆದೆ.

ಡಿವಿಡಿ ಡ್ರೈವ್ ಮತ್ತೆ ಅದರ ಜಾಗಕ್ಕೆ ಹೋಯಿತು. ಒಳಗೆ ಎಸ್‌ಎಸ್‌ಡಿ ಒಂದೇ. ನನ್ನ ಫೈಲುಗಳೆಲ್ಲ ಸೇರಿ 210 ಜಿಬಿ, ಅದರಲ್ಲೇ ಹಿಡಿಸಿತು. ಸ್ಕ್ರೂ ಬಿಚ್ಚಿ ಹಾಕೋದು ಹತ್ತು ನಿಮಿಷದ ಕೆಲಸ. ಈಗ 'ಸಾಟಾ/600 | ಸಾಟಾ/600', ವೇಗ 530 ಎಂಬಿ. ಆನ್ ಮಾಡಿ ಒಂದು ನಿಮಿಷದೊಳಗೆ ಪುಟ ತೆರೆದಿರುತ್ತೆ. ಎಷ್ಟು ಸಲ ಮುಚ್ಚಿ ತೆಗೆದರೂ ತಕರಾರಿಲ್ಲ.

ತಂಗಿಯ ಲ್ಯಾಪ್‌ಟಾಪಿಗೂ ಇದೇ ರೀತಿ ನಾನೇ ಹಾಕಿಕೊಟ್ಟೆ, ಆದರೆ ಕ್ರೂಶಿಯಲ್ ಬಿಎಕ್ಸ್500. ಅದರಲ್ಲಿ ಡಿರ‍್ಯಾಮ್ (ಡ್ರೈವಿನೊಳಗಿನ ತಾತ್ಕಾಲಿಕ ಮೆಮೊರಿ ಚಿಪ್) ಇಲ್ಲ, ವಾರಂಟಿ 3 ವರ್ಷ. ನನ್ನದಕ್ಕೆ 5 ವರ್ಷ. ಮದುವೆ ವಿಡಿಯೋದಂಥ ದೊಡ್ಡ ಫೈಲು ತುಂಬುವಾಗ ಅವಳದು ಅರ್ಧದಲ್ಲಿ ನಿಧಾನವಾಗುತ್ತೆ. ಬೇರೆ ಹೊತ್ತಿನಲ್ಲಿ ವ್ಯತ್ಯಾಸ ಕಾಣಲ್ಲ. ಕೈ ಬಿಗಿ ಇದ್ದರೆ ಧಾರಾಳವಾಗಿ ಅದನ್ನೇ ತೆಗೆದುಕೊಳ್ಳಿ. ಚೂಯಿಂಗ್ ಗಮ್ ಪಟ್ಟಿಯ ಹಾಗಿರುವ ಎನ್‌ವಿಎಂಇ ಎಸ್‌ಎಸ್‌ಡಿ ಮಾತ್ರ ಸುಮ್ನೆ ತರಬೇಡಿ, ನನ್ನಷ್ಟು ಹಳೆಯ ಲ್ಯಾಪ್‌ಟಾಪಿಗೆ ಅದು ಆಗಲ್ಲ.

ಹೊಸ ಲ್ಯಾಪ್‌ಟಾಪೇ ಕೊಳ್ಳಬಹುದಿತ್ತಲ್ಲ ಅಂತ ಕೇಳಿದವರಿದ್ದಾರೆ. ನನ್ನ ಐ5ಗೆ ವಿಂಡೋಸ್ 11 ಅಧಿಕೃತವಾಗಿ ಬರಲ್ಲ, ಇಂಟೆಲ್‌ನಲ್ಲಿ ಬಹುತೇಕ ಎಂಟನೇ ತಲೆಮಾರಿನಿಂದ ಮೇಲಕ್ಕೆ ಮಾತ್ರ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಬ್ಯಾಂಕ್ ಕೆಲಸ, ಮೇಲ್ ಎಲ್ಲ ಇದರಲ್ಲೇ ಮಾಡೋರಾದರೆ ಹೊಸದಕ್ಕೆ ದುಡ್ಡು ಕೂಡಿಡೋದು ಒಳ್ಳೆಯದು. ನಾನು ಅವನ್ನೆಲ್ಲ ಫೋನಿನಲ್ಲಿ ಮಾಡುತ್ತೇನೆ. ಲ್ಯಾಪ್‌ಟಾಪಿನ ವೈಫೈ ಆಫ್ ಮಾಡಿಟ್ಟಿದ್ದೇನೆ, ಪ್ರೆಸ್ಸಿಗೆ ಫೈಲು ಪೆನ್ ಡ್ರೈವಿನಲ್ಲೇ ಹೋಗುತ್ತೆ.

ಹಳೇ ಹಾರ್ಡ್ ಡಿಸ್ಕಿಗೆ ಒಂದು ಯುಎಸ್‌ಬಿ ಕೇಸ್ ತಂದೆ. ಪ್ರತಿ ಶನಿವಾರ ಸಂಜೆ ಚುಚ್ಚಿ, ಆ ವಾರದ ಫೈಲುಗಳನ್ನು ಅದಕ್ಕೆ ನಕಲು ಮಾಡಿ, ಬೀರುವಿನಲ್ಲಿ ಇಡುತ್ತೇನೆ.